ಸೋಮವಾರ ರಾತ್ರಿಯ ಹದಿನಾರು ಮಂದಿ

ಕೌಂಟ್ ಬೇಸಿಯ ವಾದ್ಯವೃಂದಕ್ಕೆಂದು ಥ್ಯಾಡ್ ಜೋನ್ಸ್ ಅರವತ್ತರ ದಶಕದ ನಡುವಿನಲ್ಲಿ ಒಂದಷ್ಟು ಹೊಸ ಕೃತಿಗಳನ್ನು ಬರೆದುಕೊಟ್ಟರು. ಜೋನ್ಸ್ ಆ ಮನೆಗೆ ಹೊಸಬರಲ್ಲ. 1954ರಿಂದ 1963ರವರೆಗೆ ಅಲ್ಲೇ ಟ್ರಂಪೆಟ್ ನುಡಿಸಿದ್ದರು. ಬೇಸಿಯ ಹೆಸರಾಂತ ‘ಏಪ್ರಿಲ್ ಇನ್ ಪ್ಯಾರಿಸ್’ ಧ್ವನಿಮುದ್ರಿಕೆಯಲ್ಲಿ ಕೇಳಿಬರುವ ತುಂಟ ಟ್ರಂಪೆಟ್ ಅವರದೇ. ಆದರೂ ಬೇಸಿ ಆ ಹಾಳೆಗಳನ್ನು ಒಪ್ಪಲಿಲ್ಲ. ಬರವಣಿಗೆ ಚೆನ್ನಾಗಿಲ್ಲವೆಂದಲ್ಲ, ತಮ್ಮ ವೃಂದದ ಜಾಯಮಾನಕ್ಕೆ ಅದು ಒಗ್ಗುವುದಿಲ್ಲವೆಂದು. ಮರಳಿ ಬಂದ ಆ ಹಾಳೆಗಳನ್ನು ನುಡಿಸಲೆಂದೇ ಜೋನ್ಸ್ ಮತ್ತು ಡ್ರಮ್ಸ್ ವಾದಕ ಮೆಲ್ ಲೂಯಿಸ್ ಸೇರಿ ಹೊಸ ವೃಂದವೊಂದನ್ನು ಕಟ್ಟಿದರು. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ 1966ರ ಫೆಬ್ರವರಿ 7ರ ಸೋಮವಾರ ಅದರ ಮೊದಲ ಕಛೇರಿ ನಡೆಯಿತು. ಇಂದು ವ್ಯಾನ್‌ಗಾರ್ಡ್ ಜಾಜ್ ಆರ್ಕೆಸ್ಟ್ರಾ ಎಂದು ಕರೆಸಿಕೊಳ್ಳುವ ಆ ವೃಂದಕ್ಕೆ ಅದೇ ಕೋಣೆ, ಅದೇ ವಾರ ಇಂದಿಗೂ ತಪ್ಪಿಲ್ಲ. ಸಾಂಕ್ರಾಮಿಕದ ಕಾಲದಲ್ಲಿ ಬಾಗಿಲು ಮುಚ್ಚಿದ್ದೇ ದೊಡ್ಡ ವಿರಾಮ.

ಬೇಸಿ ಬೇಡವೆಂದದ್ದು ಸರಿಯೇ ಇತ್ತು ಎಂಬುದು ನನ್ನ ಎಣಿಕೆ. ಅಷ್ಟೇ ಅಲ್ಲ, ಸ್ವಿಂಗ್ ಸಂಗೀತ ಇಂದಿಗೂ ಉಸಿರಾಡುತ್ತಿರುವುದಕ್ಕೆ ಆ ನಿರಾಕರಣೆಯೂ ಒಂದು ಕಾರಣ. ಹಳೆಯದನ್ನು ಇದ್ದಂತೆಯೇ ನುಡಿಸುವ ವೃಂದಗಳಿಗೆ ಅಮೆರಿಕದಲ್ಲಿ ಎಂದೂ ಕೊರತೆಯಿರಲಿಲ್ಲ. ವೃಂದನಾಯಕ ಗ್ಲೆನ್ ಮಿಲ್ಲರ್ 1944ರ ಡಿಸೆಂಬರ್‌ನಲ್ಲಿ ವಿಮಾನದೊಂದಿಗೆ ಕಣ್ಮರೆಯಾದರು. ಅವರ ಹೆಸರಿನ ವೃಂದ 1956ರಲ್ಲಿ ಮತ್ತೆ ಹುಟ್ಟಿ ಈಗಲೂ ಊರೂರು ಸುತ್ತುತ್ತಿದೆ. ಅದನ್ನು ಕೇಳುವವರು ತಮ್ಮ ತಂದೆತಾಯಿಯರ ಯೌವನವನ್ನು ಕೇಳುತ್ತಾರೆ, ಅದಕ್ಕೂ ಬೆಲೆಯಿದೆ. ಆದರೆ ಒಂದು ಸಂಗೀತಪದ್ಧತಿ ಬದುಕಿದೆ ಎನ್ನಬೇಕಾದರೆ ಅದರಲ್ಲಿ ಇನ್ನೂ ಯಾರೋ ಹೊಸದಾಗಿ ಯೋಚಿಸುತ್ತಿರಬೇಕು. ಸ್ವಿಂಗಿನ ನಡೆಯನ್ನು ಉಳಿಸಿಕೊಂಡು ಉಳಿದೆಲ್ಲವನ್ನೂ ಪ್ರಶ್ನಿಸಿದ್ದು ಈ ಸೋಮವಾರದ ವೃಂದ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಹಾರ್ಲೆಮಿನ ಸವಾಯ್ ಬಾಲ್‌ರೂಮ್ ಎಂಬ ನೃತ್ಯಮಂದಿರ 1926ರಲ್ಲಿ ತೆರೆಯಿತು. ಫ್ಲೆಚರ್ ಹೆಂಡರ್ಸನ್, ಡ್ಯೂಕ್ ಎಲಿಂಗ್ಟನ್, ಚಿಕ್ ವೆಬ್ ಮುಂತಾದ ಕಪ್ಪು ಸಂಗೀತಗಾರರು ಕಟ್ಟಿದ ಸ್ವಿಂಗ್ ಶೈಲಿ 1935ರಲ್ಲಿ ಬೆನ್ನಿ ಗುಡ್‌ಮನ್ ಮೂಲಕ ದೇಶವ್ಯಾಪಿ ಹುಚ್ಚಾಯಿತು. ಗುಡ್‌ಮನ್ ನುಡಿಸುತ್ತಿದ್ದ ಎಷ್ಟೋ ಸಂಯೋಜನೆಗಳು ಹೆಂಡರ್ಸನ್ ಬರೆದವು. ಆಮೇಲೆ ಯುದ್ಧ ಬಂತು. ಪೆಟ್ರೋಲು, ಟೈರುಗಳಿಗೆ ಪಡಿತರ ಬಂದು ಬಸ್ಸಿನಲ್ಲಿ ಊರೂರು ತಿರುಗುವುದು ಕಷ್ಟವಾಯಿತು. 1942ರ ಆಗಸ್ಟ್‌ನಿಂದ ಸಂಗೀತಗಾರರ ಒಕ್ಕೂಟ ಧ್ವನಿಮುದ್ರಣವನ್ನೇ ಬಹಿಷ್ಕರಿಸಿತು. 1944ರಲ್ಲಿ ನೃತ್ಯಮಂದಿರಗಳ ಮೇಲೆ ಭಾರಿ ತೆರಿಗೆ ಬಿತ್ತು. 1946ರ ಕೊನೆಯ ವಾರಗಳಲ್ಲಿ ಗುಡ್‌ಮನ್, ಹ್ಯಾರಿ ಜೇಮ್ಸ್, ವುಡಿ ಹರ್ಮನ್, ಟಾಮಿ ಡಾರ್ಸಿ ಮುಂತಾದವರ ವೃಂದಗಳು ಒಂದರ ಹಿಂದೊಂದು ಮುಚ್ಚಿದವು. ಜನರ ರುಚಿ ಬದಲಾದದ್ದರಿಂದ ಸ್ವಿಂಗ್ ಸತ್ತಿತು ಎಂಬ ಮಾತು ಅರ್ಧ ಸತ್ಯ. ಹದಿನಾರು ಜನರಿಗೆ ಊಟ, ಸಂಬಳ ಕೊಡುವ ಲೆಕ್ಕಾಚಾರವೇ ಮೊದಲು ಸತ್ತದ್ದು.

ಜೋನ್ಸ್ ಮತ್ತು ಲೂಯಿಸ್ ಈ ಲೆಕ್ಕವನ್ನು ಬೇರೆ ರೀತಿಯಲ್ಲಿ ಬಿಡಿಸಿದರು. ನ್ಯೂಯಾರ್ಕಿನ ಅತ್ಯುತ್ತಮ ವಾದಕರು ಆಗ ಜಾಹೀರಾತು, ಟೆಲಿವಿಷನ್, ಧ್ವನಿಮುದ್ರಣಗಳ ಸ್ಟುಡಿಯೊಗಳಲ್ಲಿ ದುಡಿಯುತ್ತಿದ್ದರು. ಸಂಪಾದನೆಗೆ ಮೋಸವಿರಲಿಲ್ಲ, ಮನಸ್ಸಿಗೆ ಮಾತ್ರ ಹಸಿವು. 1965ರ ಕೊನೆಯಲ್ಲಿ ದಿನದ ಕೆಲಸ ಮುಗಿಸಿದ ಇಂಥವರು ನಡುರಾತ್ರಿ ಒಂದು ಸ್ಟುಡಿಯೊದಲ್ಲಿ ಸೇರಿ ತಾಲೀಮು ಶುರುಮಾಡಿದರು. ಸ್ನೂಕಿ ಯಂಗ್, ಜೆರೋಮ್ ರಿಚರ್ಡ್‌ಸನ್, ಪೆಪರ್ ಆ್ಯಡಮ್ಸ್, ಬಾಬ್ ಬ್ರೂಕ್‌ಮೈಯರ್, ರಿಚರ್ಡ್ ಡೇವಿಸ್, ಥ್ಯಾಡ್ ಅವರ ಅಣ್ಣ ಹ್ಯಾಂಕ್ ಜೋನ್ಸ್: ಒಬ್ಬೊಬ್ಬರೂ ಬೇರೆಡೆ ಮುಖ್ಯ ಕಲಾವಿದರಾಗಬಲ್ಲವರು. ಕಪ್ಪು, ಬಿಳಿ ವಾದಕರು ಭುಜ ತಾಗಿಸಿ ಕೂತ, ಒಬ್ಬ ಕಪ್ಪು ಮತ್ತು ಒಬ್ಬ ಯೆಹೂದಿ ಸಂಗೀತಗಾರ ಸರಿಸಮ ನಾಯಕರಾಗಿದ್ದ ವೃಂದ ಅದು. 1966ರ ಅಮೆರಿಕದಲ್ಲಿ ಅದು ತಾನಾಗಿಯೇ ಒಂದು ಹೇಳಿಕೆ. ಕ್ಲಬ್ಬಿನ ಒಡೆಯ ಮ್ಯಾಕ್ಸ್ ಗಾರ್ಡನ್ ಅವರಿಗೆ ಸೋಮವಾರ ವ್ಯಾಪಾರವಿಲ್ಲದ ರಾತ್ರಿ. ಪ್ರವೇಶಧನ 2.50 ಡಾಲರ್. ಕೆಲವು ವಾರ ನೋಡೋಣ ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಆ ಮೊದಲ ರಾತ್ರಿಯನ್ನು ಜಾರ್ಜ್ ಕ್ಲಾಬಿನ್ ಎಂಬ 19 ವರ್ಷದ ವಿದ್ಯಾರ್ಥಿ ಧ್ವನಿಮುದ್ರಿಸಿಕೊಂಡಿದ್ದರು. ಐವತ್ತು ವರ್ಷಗಳ ಮೇಲೆ, 2016ರಲ್ಲಿ, ಅದು ‘ಆಲ್ ಮೈ ಯೆಸ್ಟರ್ಡೇಸ್’ ಎಂಬ ಹೆಸರಿನಲ್ಲಿ ಹೊರಬಂತು. ಅದರಲ್ಲಿ ವಾದ್ಯಗಳಷ್ಟೇ ಜೋರಾಗಿ ವಾದಕರ ಕೂಗು, ಉದ್ಗಾರಗಳೂ ಕೇಳುತ್ತವೆ.

ಜೋನ್ಸ್ ಬರೆದದ್ದರಲ್ಲಿ ಅಂಥ ಹೊಸತೇನು? ಬಿಗ್ ಬ್ಯಾಂಡಿನ ಹಳೆಯ ಪದ್ಧತಿ ಸರಳ: ಐದು ಸ್ಯಾಕ್ಸೊಫೋನು, ನಾಲ್ಕು ಟ್ರಂಪೆಟ್, ನಾಲ್ಕು ಟ್ರಾಂಬೋನು ಮೂರು ಗುಂಪುಗಳಾಗಿ ಪ್ರಶ್ನೆ–ಉತ್ತರ ನಡೆಸುತ್ತವೆ, ಪಿಯಾನೊ, ಬಾಸ್, ಡ್ರಮ್ಸ್ ಅಡಿಗೆ ಲಯ ಹಾಸುತ್ತವೆ. ಪ್ರತಿ ಗುಂಪಿನೊಳಗೆ ಸ್ವರಗಳನ್ನು ಕಿವಿಗೆ ಹಿತವಾಗುವಷ್ಟು ಅಂತರದಲ್ಲಿ ಹಂಚುತ್ತಿದ್ದರು. ಜೋನ್ಸ್ ಆ ಹಂಚಿಕೆಯ ನಡುವೆ ಬೇಕೆಂದೇ ಅಕ್ಕಪಕ್ಕದ ಸ್ವರಗಳನ್ನು ಒತ್ತಿ ಕೂರಿಸಿದರು. ಷಡ್ಜವನ್ನೂ ಶುದ್ಧ ರಿಷಭವನ್ನೂ ಒಟ್ಟಿಗೇ ನುಡಿಸಿದರೆ ಉಂಟಾಗುವ ಘರ್ಷಣೆ ನಮ್ಮ ಕಿವಿಗೂ ಗೊತ್ತು. ಅವರು ಆ ಘರ್ಷಣೆಯನ್ನು ಮೇಲಿನ ಸ್ವರದಲ್ಲಿ ತೋರಿಸದೆ ಒಳಗೆ ಅಡಗಿಸಿಟ್ಟರು. ಮೇಲಿಂದ ಇಂಪಾದ ರಾಗ, ಒಳಗೆ ಸಣ್ಣದೊಂದು ಉರಿ. ‘ಲಿಟಲ್ ಪಿಕ್ಸಿ’ ಎಂಬ ಕೃತಿ ಗರ್ಶ್‌ವಿನ್‌ನ ‘ಐ ಗಾಟ್ ರಿದಮ್’ ಹಾಡಿನ ಹಳೆಯ ಸ್ವರಮೇಳಗಳ ಸರಣಿಯ ಮೇಲೆ ನಿಂತಿದೆ. ಸ್ವಿಂಗ್ ಯುಗದವರೆಲ್ಲ ಸವೆಸಿದ್ದ ದಾರಿ ಅದು. ಅದರಲ್ಲಿ ಐದು ಸ್ಯಾಕ್ಸೊಫೋನುಗಳು ಒಟ್ಟಾಗಿ ನುಡಿಸುವ ಒಂದು ಭಾಗವಿದೆ. ಒಬ್ಬನೇ ವಾದಕ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತಿದ್ದಾನೆ ಅನ್ನಿಸುತ್ತದೆ, ಆದರೆ ಐದೂ ಬೇರೆಬೇರೆ ಸ್ವರಗಳಲ್ಲಿ ಒಂದೇ ಉಸಿರಿನಲ್ಲಿ ಓಡುತ್ತಿರುತ್ತವೆ. ಕದ್ರಿ ಗೋಪಾಲನಾಥರ ಒಂಟಿ ಸ್ಯಾಕ್ಸೊಫೋನಿನಿಂದ ಆ ವಾದ್ಯದ ಪರಿಚಯವಾದ ನಮಗೆ ಇದು ಬೇರೆಯದೇ ಲೋಕ.

ಕಾಗದದ ಮೇಲಿದ್ದದ್ದು ಇಷ್ಟಾದರೆ, ವೇದಿಕೆಯ ಮೇಲೆ ಜೋನ್ಸ್ ಮಾಡುತ್ತಿದ್ದದ್ದು ಇನ್ನೂ ಹೆಚ್ಚಿನದು. ಯಕ್ಷಗಾನದ ಭಾಗವತರು ಆ ರಾತ್ರಿಯ ಹದ ನೋಡಿ ಪದ್ಯವನ್ನು ಎಳೆಯುವ, ಮೊಟಕುಗೊಳಿಸುವ, ವೇಷಧಾರಿಗೆ ಇನ್ನೊಂದು ಸುತ್ತು ಕುಣಿಯಲು ಬಿಡುವ ಹಾಗೆ ಅವರು ಬರೆದ ಕೃತಿಯನ್ನು ಅಲ್ಲೇ ಮತ್ತೆ ಕಟ್ಟುತ್ತಿದ್ದರು. ಒಬ್ಬರ ಏಕಾಂಗಿ ವಾದನ ಕಳೆಗಟ್ಟಿತೆಂದರೆ ಕೈಸನ್ನೆಯಿಂದ ಡ್ರಮ್ಸ್, ಬಾಸ್, ಪಿಯಾನೊಗಳನ್ನು ಒಂದೊಂದಾಗಿ ನಿಲ್ಲಿಸಿ ಆ ವಾದಕರನ್ನು ಒಂಟಿಯಾಗಿ ಬಿಡುವರು. ಮುಷ್ಟಿ ಎತ್ತಿದರೆ ಇಡೀ ಹಿತ್ತಾಳೆ ವಾದ್ಯಗಳ ಸಾಲು ಒಂದೇ ಏಟಿಗೆ ಮೊಳಗುವುದು. ಹಾಳೆಯಲ್ಲಿ ಒಮ್ಮೆ ಮಾತ್ರ ಬರುವ ಭಾಗ ಅವರ ಸನ್ನೆಯ ಮೇರೆಗೆ ಎಷ್ಟು ಸಲವಾದರೂ ಮರಳಿ ಬರುವುದು. ಹೀಗಾಗಿ ಒಂದು ಸೋಮವಾರದ ‘ಬ್ಯಾಕ್‌ಬೋನ್’ ಕೃತಿ ಇನ್ನೊಂದು ಸೋಮವಾರದ್ದರಂತೆ ಇರುತ್ತಿರಲಿಲ್ಲ. ದೊಡ್ಡ ವೃಂದಕ್ಕೆ ಸಣ್ಣ ಗುಂಪಿನ ಸ್ವಾತಂತ್ರ್ಯ ಸಿಕ್ಕಿತೆಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ.

ಈ ಸ್ವಾತಂತ್ರ್ಯಕ್ಕೆ ನೆಲ ಒದಗಿಸಿದವರು ಮೆಲ್ ಲೂಯಿಸ್. ಬಫೆಲೊದಲ್ಲಿ 1929ರಲ್ಲಿ ಹುಟ್ಟಿದ ಇವರಿಗೆ ‘ದರ್ಜಿ’ ಎಂಬ ಅಡ್ಡಹೆಸರಿತ್ತು. ಬಿಗ್ ಬ್ಯಾಂಡ್ ಡ್ರಮ್ಸ್ ಎಂದರೆ ಟ್ರಂಪೆಟ್ಟುಗಳ ಪ್ರತಿ ಹೊಡೆತವನ್ನೂ ಗುಡುಗಿನಿಂದ ಎತ್ತಿಹಿಡಿಯುವುದು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅವರು ದನಿ ತಗ್ಗಿಸಿದರು. ಗಾಢ ನಾದದ ಸಿಂಬಲ್ ಮೇಲೆ ಅಲೆಯಂಥ ಲಯ ಇಟ್ಟುಕೊಂಡು ಹೊಡೆತಗಳಿಗೆ ಪೂರ್ವಸೂಚನೆಯನ್ನಷ್ಟೇ ಕೊಡುತ್ತಿದ್ದರು. ಸ್ವಿಂಗ್ ಲಯವನ್ನು ತಿಶ್ರ ನಡೆಯ ಮೂರರಲ್ಲಿ ಮೊದಲೆರಡನ್ನು ಕೂಡಿಸಿದ ಹಾಗೆ ಎಂದು ಹೇಳಿಕೊಡುವುದುಂಟು. ಅದು ಮೊದಲ ಪಾಠಕ್ಕೆ ಸಾಕು. ವೇಗ ಏರಿದ ಹಾಗೆ ಆ ಎರಡು–ಒಂದರ ಅಳತೆ ಸಡಿಲಗೊಂಡು ಸಮಕ್ಕೆ ಹತ್ತಿರವಾಗುತ್ತದೆ; ಎಷ್ಟು ಸಡಿಲಿಸಬೇಕೆಂಬುದು ಲೆಕ್ಕಕ್ಕೆ ಸಿಗುವುದಿಲ್ಲ, ಪಕ್ಕದವರನ್ನು ಕೇಳಿಯೇ ತಿಳಿಯಬೇಕು. ನಮಗೆ ಹತ್ತಿರವಾದ ಒಂದು ಎಳೆಯೂ ಇಲ್ಲಿದೆ. 1955ರಲ್ಲಿ ಸ್ಟ್ಯಾನ್ ಕೆಂಟನ್ ವೃಂದದಲ್ಲಿ ಲೂಯಿಸ್ ಅವರ ಜೊತೆಗೆ ಆಲ್ಟೊ ಸ್ಯಾಕ್ಸೊಫೋನ್ ನುಡಿಸುತ್ತಿದ್ದವರು ಚಾರ್ಲಿ ಮಾರಿಯಾನೊ. ಇದೇ ಮಾರಿಯಾನೊ ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರೊಂದಿಗೆ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿದರು. ಲಯದ ವಿದ್ಯಾರ್ಥಿಗಳಿಗೆ ಗಡಿಗಳು ಅಷ್ಟಾಗಿ ಅಡ್ಡ ಬರಲಿಲ್ಲ.

ಸ್ವಿಂಗನ್ನು ಈ ವೃಂದ ಬದುಕಿಸಿತೆಂಬ ನನ್ನ ಮಾತಿಗೆ ಎದುರು ವಾದಗಳಿವೆ, ಹಗುರವಾದವಲ್ಲ. ಮೊದಲನೆಯದು, ಸ್ವಿಂಗ್ ಕುಣಿಯುವವರಿಗೆಂದು ಹುಟ್ಟಿದ್ದು. ಸುಮಾರು 120 ಜನ ಮೇಜಿನ ಮುಂದೆ ಸುಮ್ಮನೆ ಕೂತು ಕೇಳುವ ಕೋಣೆಯಲ್ಲಿ ಅದು ಪಂಡಿತರ ಸೊತ್ತಾಯಿತು ಎಂಬುದು. ನಷ್ಟ ನಿಜ, ಅಲ್ಲಗಳೆಯಲಾಗದು. ಆದರೆ ಕುಣಿಯುವವರು 1966ರ ಹೊತ್ತಿಗಾಗಲೇ ರಾಕ್ ಸಂಗೀತದ ಕಡೆ ಹೋಗಿದ್ದರು, ಸವಾಯ್ 1958ರಲ್ಲೇ ಮುಚ್ಚಿತ್ತು. ಜೋನ್ಸ್ ಆ ಕಡೆಗೆ ಕಿವಿ ಮುಚ್ಚಿಕೊಳ್ಳಲಿಲ್ಲ. 1969ರ ‘ಸೆಂಟ್ರಲ್ ಪಾರ್ಕ್ ನಾರ್ತ್’ ಕೃತಿಯಲ್ಲಿ ಬೀದಿಯ ಹೊಸ ತಾಳವೇ ಇದೆ, ಅದರೊಳಗೆ ಬ್ಲೂಸ್ ಇದೆ. ಎರಡನೆಯದು, ಎಲಿಂಗ್ಟನ್, ಬೇಸಿಯರ ಕೃತಿಗಳನ್ನು ನಿಷ್ಠೆಯಿಂದ ನುಡಿಸುವವರಿಲ್ಲದಿದ್ದರೆ ಹೊಸಬರಿಗೆ ಬೇರೇ ಇರುವುದಿಲ್ಲ ಎಂಬುದು. ಇದನ್ನು ಪೂರ್ತಿ ಒಪ್ಪುತ್ತೇನೆ. ಲಿಂಕನ್ ಸೆಂಟರಿನಲ್ಲಿ ವಿಂಟನ್ ಮಾರ್ಸಾಲಿಸ್ ನಡೆಸಿರುವ ಆ ಕೆಲಸ ಬೇಕೇ ಬೇಕು. ನನ್ನ ತಕರಾರು ಇಷ್ಟೇ: ನಿಷ್ಠೆಯನ್ನೇ ಅಂತಿಮ ಎಂದುಕೊಂಡರೆ ಎಲಿಂಗ್ಟನ್ನರಿಗೇ ಅನ್ಯಾಯ. ತಮ್ಮ ಹಳೆಯ ಕೃತಿಗಳನ್ನು ಹೊಸ ವಾದಕರು ಬಂದಾಗಲೆಲ್ಲ ತಿದ್ದಿ ಬರೆಯುತ್ತಿದ್ದವರು ಅವರು.

ಮೂರನೆಯ ವಾದ ನಿಜವಾಗಿ ಕಾಡುವಂಥದ್ದು. ಜೋನ್ಸ್ 1979ರಲ್ಲಿ ಹಠಾತ್ತನೆ ಡೆನ್ಮಾರ್ಕಿಗೆ ಹೊರಟುಹೋದರು. ಬೇಸಿ 1984ರಲ್ಲಿ ತೀರಿಕೊಂಡ ಮೇಲೆ ಮರಳಿ ಬಂದು, ಒಮ್ಮೆ ತಮ್ಮ ಕೃತಿಗಳನ್ನು ಬೇಡವೆಂದಿದ್ದ ಅದೇ ವೃಂದದ ನಾಯಕರಾದರು. 1986ರಲ್ಲಿ ಕೋಪನ್‌ಹೇಗನ್ನಿನಲ್ಲಿ ನಿಧನರಾದರು. ಲೂಯಿಸ್ 1990ರ ಫೆಬ್ರವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಇಬ್ಬರೂ ಇಲ್ಲದ ಮೇಲೆ ಅವರ ಹಾಳೆಗಳನ್ನು ಸೋಮವಾರ ಸೋಮವಾರ ನುಡಿಸುವ ವೃಂದ ತಾನೂ ಮ್ಯೂಸಿಯಂ ಅಲ್ಲವೇ? ಉತ್ತರದ ಒಂದು ಭಾಗ ಸುಲಭ. ಜೋನ್ಸ್ ಹೋದ ಮೇಲೆ ಲೂಯಿಸ್ ಹಳೆಯ ಕೃತಿಗಳಿಗೆ ಅಂಟಿಕೊಳ್ಳದೆ ಬ್ರೂಕ್‌ಮೈಯರ್ ಅವರಿಂದ ಒರಟಾದ, ಕೇಳುಗರನ್ನು ಕೆಣಕುವ ಹೊಸ ಕೃತಿಗಳನ್ನು ಬರೆಸಿದರು. ಆಮೇಲೆ ಪಿಯಾನೊ ವಾದಕ ಜಿಮ್ ಮೆಕ್‌ನೀಲಿ ಆ ಕೆಲಸ ಮುಂದುವರಿಸಿದರು. ಟ್ರಾಂಬೋನ್ ವಾದಕ ಸ್ಲೈಡ್ ಹ್ಯಾಂಪ್ಟನ್ ಅವರ ಕೃತಿಗಳಿಗೇ ವೃಂದ ಒಂದು ಧ್ವನಿಮುದ್ರಿಕೆಯನ್ನು ಮೀಸಲಿಟ್ಟಿತು. ಲೂಯಿಸ್ ನಂತರ ವಾದಕರೇ ಸೇರಿ ಸಂಸ್ಥೆಯನ್ನು ಲಾಭರಹಿತ ಕೂಟವಾಗಿ ನಡೆಸುತ್ತಿದ್ದಾರೆ, ಒಬ್ಬ ಒಡೆಯನಿಲ್ಲ. ಎಂಟು ದಶಕ ದಾಟಿದ ಕ್ಲಬ್ಬನ್ನು ಮ್ಯಾಕ್ಸ್ ನಂತರ ಅವರ ಪತ್ನಿ ಲೊರೇನ್ 2018ರಲ್ಲಿ ತೀರಿಕೊಳ್ಳುವವರೆಗೂ ನೋಡಿಕೊಂಡರು. ಹದಿನಾರು ಮಂದಿಯ ದುಡಿಮೆಗೆ ಅಷ್ಟು ಚಿಕ್ಕ ಕೋಣೆಯ ಟಿಕೆಟ್ ಹಣ ಎಂದೂ ಸಾಲದು. ಇಲ್ಲಿಗೆ ಬಂದು ಕೂರುವವರು ಹಣಕ್ಕಾಗಿ ಬರುತ್ತಿಲ್ಲ ಎಂಬುದು ಅಷ್ಟರಿಂದಲೇ ತಿಳಿಯುತ್ತದೆ.

ಉತ್ತರದ ಇನ್ನೊಂದು ಭಾಗ ಕಷ್ಟದ್ದು. ಇಲ್ಲಿ ಕುರ್ಚಿ ಖಾಲಿಯಾಗುವುದು ಅಪರೂಪ; ಯಾರಾದರೂ ಊರಿಗೆ ಹೋದ ಸೋಮವಾರ ಬದಲಿಯಾಗಿ ಬಂದು ನುಡಿಸುತ್ತ, ವರ್ಷಗಟ್ಟಲೆ ಕಾಯ್ದು, ಕೊನೆಗೆ ಆ ಕುರ್ಚಿಗೆ ಬರುವವರೇ ಹೆಚ್ಚು. ಆಲ್ಟೊ ಸ್ಯಾಕ್ಸೊಫೋನಿನ ಡಿಕ್ ಓಟ್ಸ್ 1977ರಲ್ಲಿ, ಬಾಸ್ ಟ್ರಾಂಬೋನಿನ ಡಗ್ಲಸ್ ಪರ್ವಿಯನ್ಸ್ 1978ರಲ್ಲಿ ಸೇರಿದವರು. ಜೋನ್ಸ್ ಎದುರಿಗೆ ನಿಂತು ಮುಷ್ಟಿ ಎತ್ತಿದ್ದನ್ನು ಅವರು ಕಂಡದ್ದು ಒಂದೆರಡು ವರ್ಷ ಮಾತ್ರ. ಅಷ್ಟರಲ್ಲೇ ಕಲಿತದ್ದನ್ನು ಪಕ್ಕದ ಕುರ್ಚಿಯವರಿಗೆ ದಾಟಿಸಿದ್ದಾರೆ: ಯಾವ ಸ್ವರವನ್ನು ಕೊಂಚ ತಡವಾಗಿ ಬಿಡಬೇಕು, ಎಲ್ಲಿ ಐವರೂ ಒಟ್ಟಿಗೆ ಉಸಿರೆಳೆದುಕೊಳ್ಳಬೇಕು. ಇವು ಯಾವ ಹಾಳೆಯಲ್ಲೂ ಇಲ್ಲ. ಜೋನ್ಸ್ ಅವರ ಕೃತಿಗಳು ಇಂದು ಅಚ್ಚಾಗಿ ಜಗತ್ತಿನ ಕಾಲೇಜು ವೃಂದಗಳಲ್ಲೆಲ್ಲ ಸಿಗುತ್ತವೆ, ಅಲ್ಲಿನ ಹುಡುಗರು ತಪ್ಪಿಲ್ಲದೆ ನುಡಿಸುತ್ತಾರೆ. ಜೋನ್ಸ್ ಅವರ ಸನ್ನೆಯಲ್ಲಿ ಮೂರು ಸಲ ಮರಳಿ ಬರುತ್ತಿದ್ದ ಭಾಗ ಆ ಅಚ್ಚಿನಲ್ಲಿ ಒಂದೇ ಸಲ ಬರುತ್ತದೆ. ಆ ಸನ್ನೆಯನ್ನು ಕಂಡ ಕಣ್ಣುಗಳು ವೃಂದದಲ್ಲಿ ಈಗ ಬೆರಳೆಣಿಕೆಯಷ್ಟೇ.