ದಿಲ್ಲಿಯ ಗೊರವಂಕ, ಎಲಿಂಗ್ಟನ್ ಮೇಳ

1963ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ತಮ್ಮ ವಾದ್ಯಮೇಳದೊಂದಿಗೆ ದಿಲ್ಲಿಗೆ ಬಂದರು. ಅದು ಶೀತಲ ಸಮರದ ಕಾಲ. ಅಮೆರಿಕದ ವಿದೇಶಾಂಗ ಇಲಾಖೆ 1956ರಲ್ಲಿ ಡಿಜ್ಜಿ ಗಿಲೆಸ್ಪಿ ಅವರ ಬ್ಯಾಂಡನ್ನು ಕಳಿಸಿದಾಗಿನಿಂದ ತನ್ನ ಜಾಝ್ ಕಲಾವಿದರನ್ನು ದೇಶದೇಶಗಳಿಗೆ ಸಾಂಸ್ಕೃತಿಕ ದೂತರನ್ನಾಗಿ ಅಟ್ಟುತ್ತಿತ್ತು. ಡಮಾಸ್ಕಸ್‌ನಲ್ಲಿ ಶುರುವಾದ ಎಲಿಂಗ್ಟನ್ ಮೇಳದ ಇಂಥದೇ ಪ್ರವಾಸ ಕಾಬೂಲ್ ದಾಟಿ ದಿಲ್ಲಿ ಮುಟ್ಟುವಷ್ಟರಲ್ಲಿ ಎಲಿಂಗ್ಟನ್ ಬಳಲಿ ಆಸ್ಪತ್ರೆ ಸೇರಿದರು. ಅವರ ಪಿಯಾನೊ ಮುಂದೆ ಕೂತವರು ಬಿಲ್ಲಿ ಸ್ಟ್ರೇಹಾರ್ನ್. 1939ರಿಂದ ಅವರು ಎಲಿಂಗ್ಟನ್ ಅವರ ಜೊತೆ ರಚನೆಕಾರ, ಅರೇಂಜರ್.

ದಿಲ್ಲಿಯಲ್ಲಿ ಸ್ಟ್ರೇಹಾರ್ನ್ ಇಳಿದುಕೊಂಡಿದ್ದ ಕೋಣೆಯ ಹೊರಗೆ ಒಂದು ಗೊರವಂಕ ದಿನವೂ ಅದೇ ಸೊಲ್ಲನ್ನು ಹಾಡುತ್ತಿತ್ತಂತೆ. ತಂಡ ಹೊರಡುವ ಹೊತ್ತಿಗೆ ಮಾತ್ರ ಒರಟಾಗಿ ಕೂಗಿತೆಂದು ಎಲಿಂಗ್ಟನ್ ಕತೆ ಹೇಳುತ್ತಿದ್ದರು. ಆ ಸೊಲ್ಲು 'ಬ್ಲೂಬರ್ಡ್ ಆಫ್ ಡೆಲ್ಲಿ' ಎಂಬ ರಚನೆಯಾಯಿತು. ಹಕ್ಕಿಯ ಹಾಡನ್ನು ಜಿಮ್ಮಿ ಹ್ಯಾಮಿಲ್ಟನ್ ಕ್ಲಾರಿನೆಟ್‌ನಲ್ಲಿ ನುಡಿಸಿದರು. ಆಗ್ರಾಕ್ಕೂ ಒಂದು ರಚನೆ ಮೀಸಲಾಯಿತು. ಅದರಲ್ಲಿ ಹ್ಯಾರಿ ಕಾರ್ನಿ ಅವರ ಬ್ಯಾರಿಟೋನ್ ಸ್ಯಾಕ್ಸೊಫೋನ್ ಮುಂದೆ ನಿಲ್ಲುತ್ತದೆ. ಇವೆಲ್ಲ ಸೇರಿ ಒಂಬತ್ತು ರಚನೆಗಳ 'ದಿ ಫಾರ್ ಈಸ್ಟ್ ಸ್ವೀಟ್' ಆಯಿತು. 1966ರ ಡಿಸೆಂಬರ್‌ನಲ್ಲಿ ಧ್ವನಿಮುದ್ರಣಗೊಂಡು ಮರುವರ್ಷ ಹೊರಬಂತು. ಕಿವಿಗೆ ಬಿದ್ದ ಒಂದು ಸೊಲ್ಲನ್ನು ಹದಿನೈದು ಹದಿನಾರು ಮಂದಿ ಹಂಚಿಕೊಂಡು ನುಡಿಸುವ ಹಾಗೆ ಮಾಡುವವರು ಅರೇಂಜರ್. ಬಿಗ್ ಬ್ಯಾಂಡ್ ಎಂಬ ಕಲೆ ನಿಂತಿರುವುದು ಈ ಕಸುಬಿನ ಮೇಲೆ. ಹಾಡಿದವರ ಹೆಸರು, ನುಡಿಸಿದವರ ಹೆಸರು ನಮಗೆ ಗೊತ್ತಿರುತ್ತದೆ. ಹೊಂದಿಸಿದವರ ಹೆಸರನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಲೇಖನ ಆ ಕಸುಬಿನ ಪರಿಚಯ.

ಯಾರು ಎಲ್ಲಿ ಕೂರುತ್ತಾರೆ?

ಪೂರ್ಣ ಪ್ರಮಾಣದ ಬಿಗ್ ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಹದಿನೇಳು ಮಂದಿ ಇರುತ್ತಾರೆ. ಮುಂದಿನ ಸಾಲಿನಲ್ಲಿ ಐದು ಸ್ಯಾಕ್ಸೊಫೋನ್: ಎರಡು ಆಲ್ಟೊ, ಎರಡು ಟೆನರ್, ಒಂದು ಬ್ಯಾರಿಟೋನ್. ಅವುಗಳ ಹಿಂದೆ ನಾಲ್ಕು ಟ್ರೊಂಬೋನ್, ಅದರ ಹಿಂದೆ ನಾಲ್ಕು ಟ್ರಂಪೆಟ್. ಪಕ್ಕದಲ್ಲಿ ಪಿಯಾನೊ, ಗಿಟಾರ್, ಡಬಲ್ ಬಾಸ್, ಡ್ರಮ್ಸ್. ಒಂದೊಂದು ಗುಂಪಿಗೂ ಒಬ್ಬ ಮುಂದಾಳು ಇರುತ್ತಾನೆ. ಯಾವ ಸ್ವರವನ್ನು ಎಷ್ಟು ಎಳೆಯಬೇಕು, ಎಲ್ಲಿ ಕಡಿದು ನಿಲ್ಲಿಸಬೇಕು ಎಂಬುದನ್ನು ಅವನ ಉಸಿರು ತೀರ್ಮಾನಿಸುತ್ತದೆ. ಉಳಿದವರು ಕಣ್ಣು ಕಾಗದದ ಮೇಲಿಟ್ಟರೂ ಕಿವಿಯನ್ನು ಅವನ ಕಡೆಗೇ ಇಟ್ಟಿರುತ್ತಾರೆ.

ಅರೇಂಜರ್ ಕೆಲಸ ಶುರುವಾಗುವುದು ಒಂದು ಹಾಡಿನಿಂದ. ಹಾಡಿನ ಮಟ್ಟನ್ನು ಯಾವ ವಾದ್ಯಕ್ಕೆ ಕೊಡಬೇಕು, ಅದರ ಕೆಳಗೆ ಯಾವ ಸ್ವರಗಳು ಜೊತೆಯಾಗಬೇಕು, ಸಾಲು ಮುಗಿದ ಜಾಗದಲ್ಲಿ ಯಾರು ಉತ್ತರ ಕೊಡಬೇಕು, ಯಾವಾಗ ಎಲ್ಲರೂ ಸುಮ್ಮನಾಗಿ ಒಬ್ಬನ ಮನೋಧರ್ಮಕ್ಕೆ ಎಡೆ ಬಿಡಬೇಕು ಎಂಬುದೆಲ್ಲ ಅವನ ಆಯ್ಕೆ. ಹೀಗಾಗಿ ಒಂದೇ ಹಾಡು ಇಬ್ಬರು ಅರೇಂಜರುಗಳ ಕೈಯಲ್ಲಿ ಎರಡು ಬೇರೆ ಹಾಡುಗಳಾಗುತ್ತದೆ.

ಎಲಿಂಗ್ಟನ್ ಅವರ 1930ರ 'ಮೂಡ್ ಇಂಡಿಗೊ' ಇದಕ್ಕೆ ಒಳ್ಳೆಯ ಪಾಠ. ಟ್ರಂಪೆಟ್, ಕ್ಲಾರಿನೆಟ್, ಟ್ರೊಂಬೋನ್ ಮೂರನ್ನೂ ಕೂಡಿಸಿದರೆ ಕ್ಲಾರಿನೆಟ್ ಮೇಲಿನ ಸ್ಥಾಯಿಯಲ್ಲಿ, ಟ್ರೊಂಬೋನ್ ಕೆಳಗೆ ಇರುವುದು ಆಗಿನ ರೂಢಿ. ಎಲಿಂಗ್ಟನ್ ಅದನ್ನು ತಲೆಕೆಳಗು ಮಾಡಿದರು. ಕ್ಲಾರಿನೆಟ್ಟನ್ನು ಅದರ ಮಂದ್ರಕ್ಕೆ ಇಳಿಸಿದರು. ಟ್ರೊಂಬೋನ್‌ನ ಬಾಯಿಗೆ ಮ್ಯೂಟ್ ಇಟ್ಟು ತಾರಕ್ಕೆ ಏರಿಸಿದರು. ಟ್ರಂಪೆಟ್ಟಿನ ದನಿಯನ್ನೂ ಮ್ಯೂಟ್‌ನಿಂದ ತಗ್ಗಿಸಿದರು. ಮೂರೂ ಪರಿಚಿತ ವಾದ್ಯಗಳೇ, ಆದರೆ ಹೊರಟ ನಾದ ಯಾವ ಒಂದು ವಾದ್ಯದ್ದೂ ಅಲ್ಲ. ಇದನ್ನು ಬರೆದು ತೋರಿಸಲು ಒಂದೇ ಪುಟ ಸಾಕು. ಹೀಗೆ ಮಾಡಬಹುದೆಂದು ಹೊಳೆಯುವುದು ದೊಡ್ಡದು. ಎಲಿಂಗ್ಟನ್ 'ಮೂರನೇ ಟ್ರೊಂಬೋನ್' ಎಂದು ಬರೆಯದೆ, ಆ ಕುರ್ಚಿಯಲ್ಲಿ ಕೂತ ಮನುಷ್ಯನ ದನಿಯನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದರು.

ಗಾಯಕಿ, ಪಿಯಾನೊ ವಾದಕ, ಹಳೆಯ ಹಾಡುಗಳು

ಎಲಿಂಗ್ಟನ್ ದಿಲ್ಲಿಗೆ ಬಂದ ವರ್ಷವೇ, ಜುಲೈ ತಿಂಗಳಲ್ಲಿ, ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಮತ್ತು ಪಿಯಾನೊ ವಾದಕ ಕೌಂಟ್ ಬೇಸಿ ನ್ಯೂಯಾರ್ಕಿನಲ್ಲಿ ಒಟ್ಟಿಗೆ ಕೂತು 'ಎಲಾ ಅಂಡ್ ಬೇಸಿ' ಎಂಬ ಆಲ್ಬಮ್ ಧ್ವನಿಮುದ್ರಿಸಿದರು. ಇಬ್ಬರೂ ಆ ಹೊತ್ತಿಗೆ ಹಿರಿಯರು. ಎಲಾ 1935ರಲ್ಲಿ ಚಿಕ್ ವೆಬ್ ಅವರ ಬ್ಯಾಂಡಿನಲ್ಲಿ ಹುಡುಗಿಯಾಗಿ ಹಾಡಲು ನಿಂತವರು. 1939ರಲ್ಲಿ ವೆಬ್ ತೀರಿಕೊಂಡ ಮೇಲೆ ಅದೇ ಬ್ಯಾಂಡು ಅವರ ಹೆಸರಿನಲ್ಲಿ ನಡೆಯಿತು. ಬೇಸಿ ಕ್ಯಾನ್ಸಸ್ ಸಿಟಿಯ ನೃತ್ಯಶಾಲೆಗಳಲ್ಲಿ ಬ್ಯಾಂಡ್ ಕಟ್ಟಿದವರು. ಅಲ್ಲಿನ ರೂಢಿಯಂತೆ ಅವರ ಆರಂಭದ ಎಷ್ಟೋ ವಾದನಗಳು ಕಾಗದಕ್ಕೇ ಇಳಿದಿರಲಿಲ್ಲ. ಒಬ್ಬ ಒಂದು ತುಣುಕು ನುಡಿಸಿದರೆ ಮತ್ತೊಬ್ಬ ಅದಕ್ಕೆ ಜೋಡಿಸಿ, ರಾತ್ರಿ ಕಳೆಯುವಷ್ಟರಲ್ಲಿ ಇಡೀ ರಚನೆ ಎಲ್ಲರಿಗೂ ಬಾಯಿಪಾಠ ಆಗಿರುತ್ತಿತ್ತು.

ಆಲ್ಬಮ್‌ನಲ್ಲಿರುವುದು ಹೆಚ್ಚಾಗಿ ಬೇರೆಯವರು ಮೊದಲೇ ಜನಪ್ರಿಯಗೊಳಿಸಿದ್ದ ಹಾಡುಗಳು. ಎಲಿಂಗ್ಟನ್ ಅವರ 'ಸ್ಯಾಟಿನ್ ಡಾಲ್' ಕೂಡ ಇದೆ. ಸರಿಸಾಟಿ ಬ್ಯಾಂಡಿನ ಹಾಡನ್ನು ತಮ್ಮದಾಗಿಸಿಕೊಳ್ಳಲು ಬೇಸಿ ತಂಡ ಹಿಂಜರಿಯಲಿಲ್ಲ. ಫ್ರಾಂಕ್ ಫಾಸ್ಟರ್ ಅವರ ವಾದ್ಯರಚನೆ 'ಶೈನಿ ಸ್ಟಾಕಿಂಗ್ಸ್'ಗೆ ಎಲಾ ತಾವೇ ಸಾಹಿತ್ಯ ಬರೆದು ಹಾಡಿದರು. ವಾದ್ಯಗಳನ್ನು ಹೊಂದಿಸಿದವರು ಆಗಿನ್ನೂ ಮೂವತ್ತು ವರ್ಷದ ಕ್ವಿನ್ಸಿ ಜೋನ್ಸ್. ಗಾಯಕಿಯ ಜೊತೆ ಹದಿನೇಳು ಮಂದಿಯನ್ನು ನುಡಿಸುವಾಗ ಅರೇಂಜರ್‌ಗೆ ಇರುವ ದೊಡ್ಡ ಪರೀಕ್ಷೆ ಸಂಯಮದ್ದು. ಅವಳ ಶ್ರುತಿಗೆ ಇಡೀ ಬ್ಯಾಂಡಿನ ಶ್ರುತಿ ಬದಲಾಗಬೇಕು. ಅವಳ ಮಾತು ಕೇಳುವಾಗ ಹಿತ್ತಾಳೆ ವಾದ್ಯಗಳು ತಡೆದುಕೊಳ್ಳಬೇಕು. ಅವಳು ಉಸಿರು ತೆಗೆದುಕೊಳ್ಳುವ ಒಂದು ಗಳಿಗೆಯಲ್ಲೇ ನುಡಿದು ಮುಗಿಸಿ ಹಿಂದೆ ಸರಿಯಬೇಕು. ಬೇಸಿ ಅವರ ಪಿಯಾನೊವಂತೂ ಮಿತಭಾಷಿ. ಎರಡೋ ಮೂರೋ ಸ್ವರ ಇಟ್ಟು ಅವರು ಸುಮ್ಮನಾಗುತ್ತಾರೆ, ಆದರೆ ಆ ಸ್ವರಗಳು ಬೇರೆಲ್ಲೂ ಕೂರಲಾರವು ಅನ್ನಿಸುತ್ತದೆ.

ಇಂಥ ಆಲ್ಬಮ್‌ಗಳಿಗೆ ಒಂದು ಹಿನ್ನೆಲೆಯಿದೆ. ಅಮೆರಿಕದ ಬಿಗ್ ಬ್ಯಾಂಡ್ ಯುಗವನ್ನು ಎರಡನೇ ಮಹಾಯುದ್ಧದ ವರ್ಷಗಳು ಮುರಿದವು. ವಾದಕರು ಸೈನ್ಯಕ್ಕೆ ಹೋದರು. 1942ರಿಂದ 1944ರವರೆಗೆ ವಾದಕರ ಸಂಘ ಧ್ವನಿಮುದ್ರಣವನ್ನೇ ಬಹಿಷ್ಕರಿಸಿತು. 1944ರಲ್ಲಿ ನೃತ್ಯಶಾಲೆಗಳ ಮೇಲೆ ತೆರಿಗೆ ಬಿತ್ತು. ಬ್ಯಾಂಡಿನ ಒಂದು ಮೂಲೆಯಲ್ಲಿ ಕೂತಿದ್ದ ಗಾಯಕರು ತಾವೇ ತಾರೆಗಳಾದರು. ಇಪ್ಪತ್ತು ವರ್ಷ ಕಳೆದ ಮೇಲೆ ಹಿರಿಯ ಗಾಯಕಿಯೊಬ್ಬರು ಬ್ಯಾಂಡಿನ ಮುಂದೆ ಮತ್ತೆ ನಿಂತದ್ದು ಬರಿಯ ಹಳೆಯ ನೆನಪಿಗಾಗಿ ಅಲ್ಲ. ಅಷ್ಟು ವರ್ಷ ಒಂಟಿಯಾಗಿ ಬೆಳೆಸಿಕೊಂಡ ಮನೋಧರ್ಮವನ್ನು ತಾಳಿಕೊಳ್ಳಬಲ್ಲ ಸಾಮೂಹಿಕ ನಾದ ಅಲ್ಲಿ ಇನ್ನೂ ಉಳಿದಿತ್ತು.

ಆಕಾಶವಾಣಿಯ ವಾದ್ಯವೃಂದ

ದಿಲ್ಲಿಗೆ ತನ್ನದೇ ದೊಡ್ಡ ಮೇಳವೂ ಇತ್ತು. 1952ರಲ್ಲಿ ಆಕಾಶವಾಣಿ ಅಲ್ಲಿ ರಾಷ್ಟ್ರೀಯ ವಾದ್ಯವೃಂದವನ್ನು ಕಟ್ಟಿತು. ಆಗ ಬಾನುಲಿಯಲ್ಲಿದ್ದ ರವಿಶಂಕರ್ ಮತ್ತು ಪಿಟೀಲು ವಿದ್ವಾಂಸ ಟಿ.ಕೆ. ಜಯರಾಮ ಅಯ್ಯರ್ ಅದರ ಮೊದಲ ನಿರ್ದೇಶಕರು. ಹಿಂದೂಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳ ವಾದಕರು ಒಂದೇ ಸೂರಿನಡಿ ಕೂತರು. ರವಿಶಂಕರ್ 1956ರಲ್ಲಿ ಬಾನುಲಿ ಬಿಟ್ಟ ಮೇಲೆ ಕೊಳಲಿನ ಪನ್ನಾಲಾಲ್ ಘೋಷ್ ಬಂದರು. ಆಮೇಲೆ ವೀಣೆಯ ಈಮನಿ ಶಂಕರಶಾಸ್ತ್ರಿಗಳು. ಎಲಿಂಗ್ಟನ್ ದಿಲ್ಲಿಗೆ ಬಂದ ಅದೇ 1963ರಲ್ಲಿ ವೃಂದದ ಹೊಣೆ ಹೊತ್ತವರು ಅನಿಲ್ ಬಿಸ್ವಾಸ್. ಹಿಂದಿ ಚಿತ್ರಗೀತೆಗೆ ದೊಡ್ಡ ವಾದ್ಯಮೇಳವನ್ನೂ ಗುಂಪುಗಾಯನವನ್ನೂ ತಂದ ಮೊದಲಿಗರಲ್ಲಿ ಅವರೊಬ್ಬರು. ಮುಂಬಯಿ ಬಿಟ್ಟು ಬಂದ ಬಿಸ್ವಾಸ್ ದಿಲ್ಲಿಯಲ್ಲೇ ಉಳಿದು, 2003ರಲ್ಲಿ ಅಲ್ಲೇ ತೀರಿಕೊಂಡರು.

ವಾದ್ಯವೃಂದದ ಮುಂದಿದ್ದ ಸವಾಲು ಬಿಗ್ ಬ್ಯಾಂಡಿನ ಸವಾಲಿಗೆ ತೀರ ಹತ್ತಿರದ್ದು. ರಾಗ ಒಬ್ಬನ ಮನೋಧರ್ಮದಲ್ಲಿ ಅರಳುವಂಥದು. ಅದನ್ನು ಇಪ್ಪತ್ತು ಮಂದಿಗೆ ಹಂಚುವುದು ಹೇಗೆ? ತೋಡಿಯ ಗಾಂಧಾರವನ್ನು ಒಬ್ಬ ವೈಣಿಕರು ಎಳೆದಷ್ಟೇ ಇನ್ನೊಬ್ಬ ಪಿಟೀಲು ವಾದಕರು ಎಳೆಯದಿದ್ದರೆ ರಾಗ ಕದಡುತ್ತದೆ. ಸ್ವರಲಿಪಿ ಹೇಳುವುದು ಯಾವ ಸ್ವರ, ಎಷ್ಟು ಅಕ್ಷರ ಎಂಬುದನ್ನಷ್ಟೇ. ಗಮಕದ ತೂಗು ಅದರಲ್ಲಿ ಇಳಿಯದು. ಜಾಝ್‌ನ ಸ್ವಿಂಗ್ ಕೂಡ ಹೀಗೇ. ಕಾಗದದಲ್ಲಿ ಸಮ ಸಮವಾಗಿ ಬರೆದ ಎರಡು ಸ್ವರಗಳಲ್ಲಿ ಮೊದಲನೆಯದು ತುಸು ಉದ್ದ, ಎರಡನೆಯದು ತುಸು ಗಿಡ್ಡ. ಎಷ್ಟು ಉದ್ದ, ಎಷ್ಟು ಗಿಡ್ಡ ಎಂಬುದು ಲಯದೊಂದಿಗೆ ಬದಲಾಗುತ್ತದೆ. ಎರಡು ಕಡೆಯೂ ದಾರಿ ಒಂದೇ: ಒಟ್ಟಿಗೆ ಕೂತು, ಮುಂದಾಳಿನ ಉಸಿರು ಹಿಡಿದು, ವರ್ಷಗಟ್ಟಲೆ ನುಡಿಸುವುದು. ದೊಡ್ಡ ಮೇಳಕ್ಕೆ ಕಾಯಂ ಸಂಬಳ ಬೇಕೆನ್ನುವುದು ಇದಕ್ಕಾಗಿಯೇ. ಎಲಿಂಗ್ಟನ್ ತಮ್ಮ ಹಾಡುಗಳಿಂದ ಬಂದ ರಾಯಲ್ಟಿಯನ್ನು ಬ್ಯಾಂಡಿನ ಸಂಬಳಕ್ಕೆ ಸುರಿದರು. ದಿಲ್ಲಿಯಲ್ಲಿ ಆ ಹೊಣೆಯನ್ನು ಸರ್ಕಾರದ ಬಾನುಲಿ ಹೊತ್ತಿತು.

ನಮ್ಮ ಮನೆಯ ಉದಾಹರಣೆಗಳು

ಕನ್ನಡಿಗರಿಗೆ ದೊಡ್ಡ ಮೇಳ ದೂರದ ವಿಷಯವಲ್ಲ. ಮೈಸೂರು ಅರಮನೆಯಲ್ಲಿ ಕರ್ನಾಟಕ ವಾದ್ಯಗೋಷ್ಠಿಯ ಜೊತೆಗೆ ಪಾಶ್ಚಾತ್ಯ ಬ್ಯಾಂಡೂ ಇತ್ತು. ಜಯಚಾಮರಾಜ ಒಡೆಯರ್ ಸ್ವತಃ ನುರಿತ ಪಿಯಾನೊ ವಾದಕರು. ಆ ಬ್ಯಾಂಡುಗಳ ಪರಂಪರೆ ಇಂದು ರಾಜ್ಯ ಪೊಲೀಸ್ ಬ್ಯಾಂಡಿನಲ್ಲಿ ಮುಂದುವರಿದಿದೆ. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ನಾಗಸ್ವರ ಮನೆತನದ ಹುಡುಗನೊಬ್ಬ ಆ ವಾದ್ಯಕ್ಕೆ ಮನಸೋತು, ಅದರಲ್ಲಿ ಗಮಕ ನುಡಿಸುವ ದಾರಿಯನ್ನು ತಾನೇ ಕಂಡುಕೊಂಡು ಕದ್ರಿ ಗೋಪಾಲನಾಥ್ ಆದ. ನಮ್ಮ ಚಿತ್ರರಂಗದಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿದ್ದವರು ಇಳಯರಾಜ. ಸಹಾಯಕ ಎಂಬ ಸಣ್ಣ ಅಕ್ಷರದ ಬಿರುದಿನ ಹಿಂದೆ ಎಷ್ಟು ದೊಡ್ಡ ಕೆಲಸ ಇರಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಂದಿನ ದಿಲ್ಲಿ

ರಾಜಧಾನಿಯಲ್ಲಿ ಇಂದು ಜಾಝ್‌ಗೆ ನೆಲೆಗಳಿವೆ. ಪಿಯಾನೊ ವಾದಕ ಅರ್ಜುನ್ ಸಾಗರ್ ಗುಪ್ತಾ 2015ರಲ್ಲಿ ಸಫ್ದರ್‌ಜಂಗ್ ಎನ್‌ಕ್ಲೇವ್‌ನಲ್ಲಿ ತೆರೆದ 'ದಿ ಪಿಯಾನೊ ಮ್ಯಾನ್' ಕ್ಲಬ್ ಮುಂದೆ ಗುರುಗ್ರಾಮಕ್ಕೂ ಹಬ್ಬಿತು. ಸೋದರರಾದ ಆದಿತ್ಯ ಮತ್ತು ತರುಣ್ ಬಲಾನಿ ಕಟ್ಟಿದ ಗ್ಲೋಬಲ್ ಮ್ಯೂಸಿಕ್ ಇನ್‌ಸ್ಟಿಟ್ಯೂಟ್ ಗ್ರೇಟರ್ ನೋಯ್ಡಾದಲ್ಲಿ ಹೊಸ ತಲೆಮಾರಿಗೆ ಕಲಿಸುತ್ತಿದೆ. ಜನವರಿ 29ರ ಸಂಜೆ ವಿಜಯ್ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್‌ನಲ್ಲಿ ಸೇನಾ ಬ್ಯಾಂಡ್‌ಗಳು ನಮಗೆಲ್ಲ ಗೊತ್ತಿರುವ ಹಾಡುಗಳನ್ನು ಹಿತ್ತಾಳೆ ವಾದ್ಯಗಳಿಗೆ ಹೊಂದಿಸಿ ನುಡಿಸುತ್ತವೆ. ಟಿವಿಯಲ್ಲಿ ಅದನ್ನು ನೋಡುವ ಲಕ್ಷಾಂತರ ಜನ, ತಿಳಿದೋ ತಿಳಿಯದೆಯೋ, ಅರೇಂಜರ್ ಒಬ್ಬರ ಕೈಚಳಕ ಕೇಳುತ್ತಿರುತ್ತಾರೆ.

ಆದರೆ ಜಾಝ್ ಕ್ಲಬ್ಬಿನ ವೇದಿಕೆ ಮೂರು ನಾಲ್ಕು ಮಂದಿಯ ತಂಡಕ್ಕೆ ಹೇಳಿ ಮಾಡಿಸಿದ್ದು. ಹದಿನೇಳು ಮಂದಿಯನ್ನು ತಿಂಗಳುಗಟ್ಟಲೆ ತಾಲೀಮಿಗೆ ಕೂರಿಸುವ ಹಣ ಟಿಕೆಟ್ಟಿನಿಂದ ಹುಟ್ಟದು. ಲ್ಯಾಪ್‌ಟಾಪಿನಲ್ಲಿ ಟ್ರಂಪೆಟ್ಟಿನ ದನಿ ಕೈಗೆ ಸಿಗುವ ಈ ಕಾಲದಲ್ಲಿ ಆ ಖರ್ಚು ಯಾಕೆ ಎಂದು ಕೇಳುವವರಿದ್ದಾರೆ. ನಾಲ್ವರು ಒಟ್ಟಿಗೆ ಉಸಿರು ಬಿಟ್ಟಾಗ ಆಗುವ ಸಣ್ಣ ಏರುಪೇರು, ಪಕ್ಕದವನನ್ನು ಕೇಳಿ ತನ್ನ ದನಿಯನ್ನು ಒಂದಿಷ್ಟು ತಗ್ಗಿಸುವ ವಿವೇಕ, ಇವು ಮನುಷ್ಯರ ನಡುವೆ ಮಾತ್ರ ಹುಟ್ಟುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ದೊಡ್ಡ ಮೇಳಗಳಿಗೆ ಸರ್ಕಾರದ, ಸಂಸ್ಥೆಗಳ ಆಸರೆ ಇರಲೇಬೇಕು. ಆಕಾಶವಾಣಿ ವಾದ್ಯವೃಂದದ ದಶಕಗಳ ಧ್ವನಿಮುದ್ರಣಗಳು ಸಂಗೀತ ಕಲಿಯುವ ಮಕ್ಕಳ ಕೈಗೆ ಸುಲಭವಾಗಿ ಸಿಗಬೇಕು, ಅವುಗಳ ಸ್ವರಲಿಪಿ ಅಚ್ಚಾಗಬೇಕು.

ಕೇಳುಗರಿಂದಲೂ ಆಗುವ ಕೆಲಸ ಒಂದಿದೆ. ಈ ವಾರ ಬಿಡುವು ಮಾಡಿಕೊಂಡು 'ಸ್ಯಾಟಿನ್ ಡಾಲ್' ಅನ್ನು ಎಲಿಂಗ್ಟನ್ ಬ್ಯಾಂಡಿನಲ್ಲೊಮ್ಮೆ, ಎಲಾ ಮತ್ತು ಬೇಸಿ ಅವರ ಆಲ್ಬಮ್‌ನಲ್ಲೊಮ್ಮೆ ಕೇಳಿ. ಮೊದಲ ಸಲ ಹಾಡನ್ನು ಹಿಡಿಯಿರಿ, ಎರಡನೇ ಸಲ ಹಾಡಿನ ಸಾಲು ಮುಗಿದ ಜಾಗದಲ್ಲಿ ಏನಾಗುತ್ತದೆ ಎಂದು ಗಮನಿಸಿ. ಅರೇಂಜರ್ ಇರುವುದು ಅಲ್ಲೇ. ಒಮ್ಮೆ ಆ ಕೈ ಗುರುತು ಸಿಕ್ಕರೆ ನಿಮ್ಮ ಮೆಚ್ಚಿನ ಕನ್ನಡ ಚಿತ್ರಗೀತೆಯಲ್ಲೂ ಅಂಥದೊಂದು ಕೈ ಕಾಣುತ್ತದೆ, ಅದರ ಹೆಸರು ಹುಡುಕುವ ಮನಸ್ಸೂ ಆಗುತ್ತದೆ.