ಯಾವ ರೂಪಾಯಿಯ ಮೇಲೆ ಒಂದೂವರೆ ಪೈಸೆ?

ಸಿಡ್ನಿಯ ರ‍್ಯಾಂಡ್‌ವಿಕ್ ಮೈದಾನದಲ್ಲಿ ಶನಿವಾರ ಮಧ್ಯಾಹ್ನದ ಆರನೇ ರೇಸಿಗೆ ಯಾವ ಯಾವ ಕುದುರೆ ಇಳಿಯುತ್ತವೆ, ಯಾವುದಕ್ಕೆ ಎಷ್ಟನೇ ನಂಬರು, ಮೇಲೆ ಕೂರುವ ಜಾಕಿ ಯಾರು? ಈ ಪಟ್ಟಿ ಯಾರ ಸ್ವತ್ತು ಎಂದು ಕೇಳಿದರೆ ನಗು ಬರಬಹುದು. ಪಟ್ಟಿ ಪೇಪರಿನಲ್ಲಿ ಬರುತ್ತದೆ, ಮೊಬೈಲಿನಲ್ಲಿ ಬರುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೂ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2008ರಿಂದ ಬಾಜಿ ವ್ಯವಹಾರ ನಡೆಸುವವರು ಅಲ್ಲಿನ ರೇಸ್ ಸಂಸ್ಥೆಯ ಅನುಮತಿ ಪಡೆಯದೆ ಈ ಪಟ್ಟಿಯನ್ನು ಬಳಸುವಂತಿಲ್ಲ. ಅನುಮತಿಗೆ ಶುಲ್ಕ ಉಂಟು. ಶುಲ್ಕದ ಜೊತೆಗೆ ಷರತ್ತುಗಳೂ ಉಂಟು.

ಇಂಥ ಕಾನೂನು ಬೇಕಾದದ್ದು ಇಂಟರ್‌ನೆಟ್ಟಿನಿಂದ. ಮೊದಲು ಕುದುರೆ ಓಡುವ ಜಾಗವೂ ದುಡ್ಡು ಕಟ್ಟುವ ಜಾಗವೂ ಹತ್ತಿರ ಹತ್ತಿರ ಇದ್ದವು. ಬಾಜಿ ಹಣ ಕೂಡಿಸುವ ಟೋಟ್ ಕೌಂಟರಿನಲ್ಲಿ ಬಿದ್ದ ಹಣದ ಒಂದು ಪಾಲು ರೇಸಿಗೇ ಮರಳುತ್ತಿತ್ತು. ಬಹುಮಾನ, ಹುಲ್ಲು ಹಾಸು, ಪಶುವೈದ್ಯರು ಎಲ್ಲಕ್ಕೂ ಅದೇ ಮೂಲ. ಆನ್‌ಲೈನ್ ಬುಕ್ಕಿಗಳು ಬಂದ ಮೇಲೆ ಸಿಡ್ನಿಯಿಂದ ಮೂರು ಸಾವಿರ ಕಿಲೋಮೀಟರಿಗೂ ದೂರದ ಡಾರ್ವಿನ್‌ನಲ್ಲಿ ಲೈಸೆನ್ಸ್ ಪಡೆದವನು ಸಿಡ್ನಿಯ ಕುದುರೆಗಳ ಮೇಲೆ ಬಾಜಿ ತೆಗೆದುಕೊಳ್ಳಬಹುದಾಯಿತು. ಜಾತ್ರೆ ನಡೆಸುವವರು ಒಬ್ಬರು, ಅಂಗಡಿ ಇಟ್ಟು ಗಲ್ಲಾ ತುಂಬಿಸಿಕೊಳ್ಳುವವರು ಇನ್ನೊಬ್ಬರು. ನೆಲಬಾಡಿಗೆ ವಸೂಲಿಗೆ ಸಿಕ್ಕ ಹಿಡಿಕೆಯೇ ಆ ಪಟ್ಟಿ.

ಬಾಡಿಗೆ ಎಷ್ಟಿತ್ತು? 2008ರಲ್ಲಿ ನಿಗದಿಯಾದದ್ದು ಆ ರಾಜ್ಯದ ಓಟಗಳ ಮೇಲೆ ಕಟ್ಟಿದ ಒಟ್ಟು ಹಣದ ಶೇ 1.5. ಮೊದಲ 50 ಲಕ್ಷ ಡಾಲರಿಗೆ ವಿನಾಯಿತಿ ಇತ್ತು. ಕೇಳಲು ಅಗ್ಗ. ಒಟ್ಟು ಹಣ ಎಂಬ ಮಾತನ್ನು ಬಿಡಿಸಿದಾಗ ಮಾತ್ರ ಬಿಸಿ ತಾಗುತ್ತದೆ.

ನೂರು ರೂಪಾಯಿ ಇಟ್ಟುಕೊಂಡೇ ಲೆಕ್ಕ ಹಾಕೋಣ. ಟೋಟ್‌ನಲ್ಲಿ ಎಲ್ಲರ ದುಡ್ಡೂ ಒಂದೇ ಹುಂಡಿಗೆ ಬೀಳುತ್ತದೆ. ನಡೆಸುವವರು ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. (ಹೀಗೆ ಬೀಳುವ ಬಾಜಿಗಳನ್ನು ತಾನೇ ಕೂಡಿಸುವ ಯಂತ್ರವನ್ನು 1913ರಲ್ಲಿ ನ್ಯೂಜಿಲೆಂಡಿನ ಎಲರ್ಸ್ಲಿಯಲ್ಲಿ ಹೂಡಿದವನು ಎಂಜಿನಿಯರ್ ಜಾರ್ಜ್ ಜೂಲಿಯಸ್. ಆತ ಮೊದಲು ಯೋಚಿಸಿದ್ದು ಚುನಾವಣೆಯ ಮತ ಎಣಿಸುವ ಯಂತ್ರ. ಸರ್ಕಾರ ಬೇಡವೆಂದಿತು, ರೇಸಿನವರು ಬೇಕೆಂದರು.) ಮುರಿದುಕೊಳ್ಳುವ ಪಾಲು 15 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದೂವರೆ ರೂಪಾಯಿ ಕೊಡುವುದೆಂದರೆ ಹತ್ತರಲ್ಲೊಂದು. ಬೆಟ್‌ಫೇರ್‌ನಂಥ ಎಕ್ಸ್‌ಚೇಂಜಿನ ದಾರಿಯೇ ಬೇರೆ. 2000ದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಸಂಸ್ಥೆ ತಾನು ಬಾಜಿ ಕಟ್ಟುವುದಿಲ್ಲ. ಒಬ್ಬ ಗೆಲ್ಲುತ್ತದೆ ಅನ್ನುತ್ತಾನೆ, ಇನ್ನೊಬ್ಬ ಗೆಲ್ಲದು ಅನ್ನುತ್ತಾನೆ. ಇಬ್ಬರನ್ನೂ ಕೂಡಿಸಿ ಗೆದ್ದವನ ಲಾಭದಲ್ಲಿ ಸಣ್ಣ ಕಮಿಷನ್ ತೆಗೆಯುತ್ತದೆ. ನೂರಕ್ಕೆ ಎರಡೂವರೆ ಉಳಿಯಿತು ಎನ್ನಿ. ಅದರಲ್ಲಿ ಒಂದೂವರೆ ಹೋದರೆ ಕೈಯಲ್ಲಿ ಉಳಿಯುವುದು ಒಂದೇ ರೂಪಾಯಿ.

ಬೆಟ್‌ಫೇರ್ ಈ ದೂರನ್ನು ಆಸ್ಟ್ರೇಲಿಯಾದ ಹೈಕೋರ್ಟಿನವರೆಗೂ ಒಯ್ದಿತು. ಅಲ್ಲಿ ಹೈಕೋರ್ಟೇ ಸರ್ವೋಚ್ಚ ನ್ಯಾಯಾಲಯ. 2012ರ ಮಾರ್ಚ್‌ನಲ್ಲಿ ತೀರ್ಪು ಬಂತು, ಬೆಟ್‌ಫೇರ್ ಸೋತಿತು. ಎಲ್ಲರಿಗೂ ಒಂದೇ ದರ. ಕಡಿಮೆ ಲಾಭದಲ್ಲಿ ವ್ಯಾಪಾರ ಮಾಡುವುದು ನೀವೇ ಆರಿಸಿಕೊಂಡ ದಾರಿ ಎಂಬುದು ತೀರ್ಪಿನ ಒಟ್ಟು ಧಾಟಿ. ಕಾನೂನಿನ ಕಣ್ಣಿಗೆ ಅದು ಸರಿ ಇರಬಹುದು. ಲೆಕ್ಕದ ಕಣ್ಣಿಗೆ ನನಗೆ ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. ದರ ಒಂದೇ ಆದರೂ ದರ ಹಾಕುವ ತಳಹದಿಯೇ ಹೊರೆಯನ್ನು ಹಂಚಿಬಿಡುತ್ತದೆ.

ಬೆಂಗಳೂರಿಗೆ ಈ ಜಗಳ ಹೊಸದಲ್ಲ. ಟೋಟ್‌ನಲ್ಲಿ ಬಿದ್ದ ಪೂರ್ತಿ ಹಣದ ಮೇಲೆ ಜಿಎಸ್‌ಟಿ ಕೊಡಬೇಕೋ, ಕ್ಲಬ್ಬಿನ ಕಮಿಷನ್ ಮೇಲೆ ಮಾತ್ರವೋ ಎಂಬ ವ್ಯಾಜ್ಯದಲ್ಲಿ, ಬೆಂಗಳೂರು ಟರ್ಫ್ ಕ್ಲಬ್ಬಿನ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2021ರ ಜೂನ್‌ನಲ್ಲಿ ಕಮಿಷನ್ ಮೇಲೆ ಮಾತ್ರ ಎಂದಿತು. 2023ರ ಅಕ್ಟೋಬರ್ 1ರಿಂದ ಕಾನೂನನ್ನೇ ತಿದ್ದಿ, ಪೂರ್ತಿ ಹಣದ ಮೇಲೆ ಶೇ 28 ಎಂದು ನಿಗದಿ ಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಅದು ಶೇ 40ಕ್ಕೆ ಏರಿತು. ನೂರಕ್ಕೆ ಹತ್ತು ಕಮಿಷನ್ ಅಂದುಕೊಂಡರೆ, ಶೇ 28ರ ದರದಲ್ಲಿ ಕಮಿಷನ್ ಮೇಲಿನ ತೆರಿಗೆ 2 ರೂಪಾಯಿ 80 ಪೈಸೆ, ಪೂರ್ತಿ ಹಣದ ಮೇಲಾದರೆ 28 ರೂಪಾಯಿ. ರೇಸಿನ ಗೀಳಿನಿಂದ ಮನೆ ಮಾರಿದವರ ಕಥೆ ಕೇಳಿ ಬೆಳೆದ ನನಗೆ ತೆರಿಗೆ ಹೆಚ್ಚಾಯಿತೆಂದು ಕಣ್ಣೀರೇನೂ ಬರುವುದಿಲ್ಲ. ಆದರೆ ಕೌಂಟರಿನಲ್ಲಿ ಮುಳುಗುವಷ್ಟು ಹೊರೆ ಬಿದ್ದರೆ ದುಡ್ಡು ಮನೆಗೆ ಮರಳಬೇಕೆಂದಿಲ್ಲ. ರಸೀದಿ ಕೊಡದ, ಹೆಸರು ಬರೆಯದ ಬುಕ್ಕಿಯ ಕಡೆಗೂ ಹರಿಯಬಹುದು. ಷರತ್ತುಗಳ ಮಾತು ಬರುವುದು ಇಲ್ಲಿ.

ಕುದುರೆಯನ್ನು ಗೆಲ್ಲಿಸುವುದು ಕಷ್ಟ, ಸೋಲಿಸುವುದು ಸುಲಭ. ತಡವಾಗಿ ಬಿಟ್ಟರೆ ಸಾಕು, ಹೊರಬದಿಯಲ್ಲಿ ಸುತ್ತಿಸಿದರೆ ಸಾಕು, ಓಟಕ್ಕೆ ಮೊದಲು ಒಂದು ಬಕೆಟ್ ನೀರು ಹೆಚ್ಚು ಕುಡಿಸಿದರೂ ಆದೀತು. ಸೋಲಿನ ಮೇಲೆ ದುಡ್ಡು ಮಾಡುವ ದಾರಿ ಮೊದಲು ಬುಕ್ಕಿಗಳಿಗೆ ಮಾತ್ರ ಇತ್ತು. ಎಕ್ಸ್‌ಚೇಂಜ್ ಅದನ್ನು ಮೊಬೈಲ್ ಇರುವ ಎಲ್ಲರ ಕೈಗೂ ಕೊಟ್ಟಿತು. ಹಾಗೆ ನೋಡಿದರೆ ಇದು ಮೋಸಕ್ಕೆ ಹಾಸಿದ ಕೆಂಪು ಹಾಸು. ಆದರೆ ಅದೇ ಎಕ್ಸ್‌ಚೇಂಜಿನಲ್ಲಿ ಪ್ರತಿ ಬಾಜಿಗೂ ಖಾತೆ, ಹೊತ್ತು, ಮೊತ್ತ ಬರೆದಿರುತ್ತದೆ. ಫೇವರಿಟ್ ಕುದುರೆಯೊಂದರ ಬೆಲೆ ಬೆಳಿಗ್ಗೆ ಒಂದಕ್ಕೆ ಮೂರು ಇದ್ದದ್ದು, ಕುಂಟಿದ ಸುದ್ದಿಯಿಲ್ಲ, ಮಳೆಯಿಲ್ಲ, ಓಟದ ಹೊತ್ತಿಗೆ ಒಂದಕ್ಕೆ ಆರಾದರೆ ಯಾರಿಗೋ ಏನೋ ಗೊತ್ತಿದೆ ಎಂದರ್ಥ. ಬ್ರಿಟನ್ನಿನ ಜಾಕಿ ಕ್ಲಬ್ 2003ರಲ್ಲಿ ಬೆಟ್‌ಫೇರ್ ಜೊತೆ ಒಪ್ಪಂದ ಮಾಡಿಕೊಂಡಿತು: ಸಂಶಯ ಬಂದಾಗ ಖಾತೆಯ ಹಿಂದಿನ ಹೆಸರು ಕೊಡಬೇಕು. ಆನ್‌ಲೈನ್ ಬಾಜಿಗೆ ಅನುಮತಿ ಕೊಡುವಾಗ ಹಾಕುವ ಷರತ್ತುಗಳ ತಿರುಳೂ ಇಂಥದ್ದೇ; ಕೇಳಿದಾಗ ರೇಸಿನ ನಿಯಮ ಕಾಯುವ ಸ್ಟ್ಯೂವರ್ಡ್‌ಗಳ ಮುಂದೆ ಪುಸ್ತಕ ತೆರೆಯಬೇಕು.

ಪುಸ್ತಕ ಎಲ್ಲವನ್ನೂ ಹೇಳುವುದಿಲ್ಲ. 2010ರಲ್ಲಿ ಮೆಲ್ಬರ್ನ್‌ನ ಮೂನೀ ವ್ಯಾಲಿಯಲ್ಲಿ ಹೆಸರುವಾಸಿ ಜಾಕಿಯೊಬ್ಬ ತಾನು ಓಡಿಸುತ್ತಿದ್ದ ರೇಸಿನಲ್ಲೇ ಎದುರಾಳಿ ಕುದುರೆಯ ಮೇಲೆ ಬೇರೊಬ್ಬರ ಮೂಲಕ 10,000 ಡಾಲರ್ ಕಟ್ಟಿಸಿದ್ದ. ಆ ಕುದುರೆ ಗೆದ್ದಿತು. ವಿಷಯ ಹೊರಬಂದು ಅವನು ಒಪ್ಪಿಕೊಂಡು ಹತ್ತು ತಿಂಗಳ ನಿಷೇಧ ಅನುಭವಿಸಿದ್ದು ಎರಡು ವರ್ಷ ಕಳೆದ ಮೇಲೆ.

ಆದ್ದರಿಂದ ಕುದುರೆಯ ಮೈಯನ್ನೂ ಓದಬೇಕಾಗುತ್ತದೆ. ಅಲ್ಲಿನ ಹಳೆಯ ಕಳ್ಳ ನಮ್ಮ ಅಡುಗೆಮನೆಯಲ್ಲೇ ಇದ್ದಾನೆ: ಅಡುಗೆ ಸೋಡಾ. ಜೋರು ಓಟದಲ್ಲಿ ಸ್ನಾಯುಗಳೊಳಗೆ ಆಮ್ಲ ಹೆಚ್ಚಿ ದಣಿವು ಬರುತ್ತದೆ. ಓಟಕ್ಕೆ ಕೆಲವು ಗಂಟೆ ಮೊದಲು ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ಸೋಡಾ, ಸಕ್ಕರೆ, ನೀರು ಕಲಸಿ ಸುರಿದರೆ ರಕ್ತ ಕ್ಷಾರದ ಕಡೆಗೆ ವಾಲಿ ಆ ಆಮ್ಲವನ್ನು ಹೀರಿಕೊಳ್ಳುತ್ತದೆ, ದಣಿವು ಮುಂದೆ ಹೋಗುತ್ತದೆ. ರೇಸಿನವರು ಇದಕ್ಕಿಟ್ಟ ಹೆಸರು ಮಿಲ್ಕ್‌ಶೇಕ್. ಹಿಡಿಯುವುದು ಹೇಗೆ? ಸೋಡಾದ ಬೈಕಾರ್ಬೊನೇಟ್ ಎಲ್ಲ ಕುದುರೆಯ ರಕ್ತದಲ್ಲೂ ಇದ್ದೇ ಇರುತ್ತದೆ. ಹಾಗಾಗಿ ಇದೆಯೇ ಎಂದು ಕೇಳಿ ಫಲವಿಲ್ಲ, ಎಷ್ಟಿದೆ ಎಂದು ಕೇಳಬೇಕು. ಲೀಟರ್ ಪ್ಲಾಸ್ಮಾದಲ್ಲಿ ಒಟ್ಟು ಇಂಗಾಲದ ಡೈಆಕ್ಸೈಡ್ 36 ಮಿಲಿಮೋಲ್ ದಾಟಿದರೆ ತಪ್ಪು ಎಂಬುದು ಆಸ್ಟ್ರೇಲಿಯಾದ ಗೆರೆ. ಸಾಮಾನ್ಯ ಕುದುರೆಯಲ್ಲಿ ಅದು ಮೂವತ್ತರ ಆಸುಪಾಸು. ಗೆರೆಯನ್ನು ಕೆಳಗಿಳಿಸಿದರೆ ನಿರಪರಾಧಿ ಕುದುರೆ ಸಿಕ್ಕಿಬೀಳುತ್ತದೆ, ಮೇಲೇರಿಸಿದರೆ ಸ್ವಲ್ಪವೇ ಸೋಡಾ ಕುಡಿಸಿದವನು ಪಾರಾಗುತ್ತಾನೆ.

ಕೋಬಾಲ್ಟ್‌ನದೂ ಇದೇ ಪೇಚು. ಬಿ12 ಜೀವಸತ್ವದ ಪ್ರತಿ ಅಣುವಿನ ನಡುವೆ ಒಂದು ಕೋಬಾಲ್ಟ್ ಪರಮಾಣು ಕೂತಿರುತ್ತದೆ, ಹಾಗಾಗಿ ಅದೂ ಎಲ್ಲ ಕುದುರೆಯ ಮೈಯಲ್ಲೂ ಇದ್ದೇ ಇರುತ್ತದೆ. ಕೋಬಾಲ್ಟ್ ಲವಣವನ್ನು ಹೆಚ್ಚಾಗಿ ಕೊಟ್ಟರೆ ಆಮ್ಲಜನಕ ಸಾಲದೆಂದು ದೇಹ ಮೋಸಹೋಗಿ ಕೆಂಪು ರಕ್ತಕಣ ಹೆಚ್ಚಿಸಲು ಹೊರಡುತ್ತದೆ. ವಿಕ್ಟೋರಿಯಾ ರಾಜ್ಯ 2014ರಲ್ಲಿ ಲೀಟರ್ ಮೂತ್ರಕ್ಕೆ 200 ಮೈಕ್ರೋಗ್ರಾಂ ಎಂದು ಮಿತಿ ಹಾಕಿತು. ದೇಶಕ್ಕೆಲ್ಲ ಅನ್ವಯವಾದ ಆ ಮಿತಿ 2016ರಲ್ಲಿ ನೂರಕ್ಕಿಳಿಯಿತು.

ಆ ಮೂತ್ರ ಸಿಗುವ ಬಗೆ ನೋಡಿ. ಗೆದ್ದ ಕುದುರೆಯನ್ನು ಮೈತೊಳೆದು ನಡೆದಾಡಿಸಿ, ಒಣಹುಲ್ಲು ಹರಡಿದ ಕೊಠಡಿಗೆ ತರುತ್ತಾರೆ. ಉದ್ದ ಕೋಲಿನ ತುದಿಗೆ ಪಾತ್ರೆ ಸಿಕ್ಕಿಸಿಕೊಂಡು ಒಬ್ಬ ಕಾಯುತ್ತಾನೆ. ಕುದುರೆ ಮನಸ್ಸು ಮಾಡಲೆಂದು ಮೆಲ್ಲಗೆ ಶಿಳ್ಳೆ ಹಾಕುತ್ತಾನೆ. ಕೆಲವೊಮ್ಮೆ ಗಂಟೆಯಾದರೂ ಅದಕ್ಕೆ ಮನಸ್ಸು ಬರುವುದಿಲ್ಲ. ಬಂದದ್ದನ್ನು ಎರಡು ಬಾಟಲಿಗೆ ಹಂಚಿ ಅರಗು ಹಾಕಿ, ಒಂದನ್ನು ಲ್ಯಾಬಿನವರು ಒಡೆಯುತ್ತಾರೆ, ತಕರಾರು ಬಂದರೆ ಬೇಕೆಂದು ಇನ್ನೊಂದನ್ನು ಹಾಗೇ ಇಡುತ್ತಾರೆ. ಬಾಟಲಿ, ಅರಗು, ಲ್ಯಾಬು, ಆ ಶಿಳ್ಳೆಯವನ ಸಂಬಳ ಎಲ್ಲಕ್ಕೂ ದುಡ್ಡು ಹುಟ್ಟಬೇಕಾದದ್ದು ಡಾರ್ವಿನ್‌ನ ಯಾವುದೋ ಸರ್ವರಿನಲ್ಲಿ ಬಿದ್ದ ನೂರರ ಮೇಲಿನ ಅಂಥ ಶುಲ್ಕದಿಂದ.