ಕ್ಯಾಮೆರಾದ ನೆತ್ತಿಗಣ್ಣು: ಕೆಲವು ನಂಬಿಕೆಗಳು, ಅವುಗಳ ಸತ್ಯಾಸತ್ಯ

ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಡಿಜಿಟಲ್ ಕ್ಯಾಮೆರಾಗಳ ನೆತ್ತಿಯ ಮೇಲೆ, ಫ್ಲ್ಯಾಷ್ ಕೂಡಿಸುವುದಕ್ಕೆಂದು ಇರುವ ಹಾಟ್ ಶೂ ಎಂಬ ಲೋಹದ ಜಾಡಿನಲ್ಲಿ ಜಾರಿಸಿ ನಿಲ್ಲಿಸುವ ಪುಟ್ಟ ಗಾಜಿನ ವ್ಯೂಫೈಂಡರನ್ನು ಕುರಿತು ನಮ್ಮ ಛಾಯಾಗ್ರಹಣಪ್ರಿಯರಲ್ಲಿ ಬಳಕೆಯಲ್ಲಿರುವ ನಂಬಿಕೆಗಳು ಹಲವು. ಅವುಗಳಲ್ಲಿ ಕೆಲವು ಪೂರ್ಣ ಅಸತ್ಯ, ಕೆಲವು ಅರ್ಧಸತ್ಯ, ಒಂದೆರಡು ಮಾತ್ರ ನಿಜಕ್ಕೆ ಸಮೀಪವಾದವು. ಇಂಥದೊಂದು ಉಪಕರಣದ ಆವಶ್ಯಕತೆಯೇ ಇಲ್ಲವೆಂದು ವಾದಿಸುವವರು ಶ್ರವಣಬೆಳಗೊಳಕ್ಕೆ ಹೋಗಿ, ವಿಂಧ್ಯಗಿರಿಯ ಆರುನೂರಕ್ಕೂ ಮೀರಿದ ಸೋಪಾನಗಳನ್ನು ಬರಿಗಾಲಿನಲ್ಲಿ ಏರಿ, ನಡುಹಗಲಿನ ಬಿಸಿಲು ಬೋಳುಬಂಡೆಯಿಂದ ಚಿಮ್ಮಿ ಕಣ್ಣನ್ನು ಕೋರೈಸುವ ಹೊತ್ತಿನಲ್ಲಿ ತಮ್ಮ ಕ್ಯಾಮೆರಾದ ಹಿಂಬದಿಯ ಪರದೆಯನ್ನು ನೋಡಬೇಕು; ಅಲ್ಲಿ ದೃಶ್ಯಕ್ಕೆ ಬದಲಾಗಿ ತಮ್ಮ ಮುಖದ ಮಸುಕಾದ ಪ್ರತಿಬಿಂಬವೇ ಕಾಣುವುದುಂಟು.

ಎಲ್ಲಕ್ಕಿಂತ ಮೂಲಭೂತವಾದ ತಪ್ಪು ಕಲ್ಪನೆ, ಈ ವ್ಯೂಫೈಂಡರಿನಲ್ಲಿ ಕಂಡದ್ದು ಕ್ಯಾಮೆರಾದ ಲೆನ್ಸು ಕಂಡದ್ದೇ ಎಂಬುದು. ವಾಸ್ತವವಾಗಿ ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. 1609ರಲ್ಲಿ ಗೆಲಿಲಿಯೋ ಆಕಾಶದತ್ತ ತಿರುಗಿಸಿದ ದೂರದರ್ಶಕದಲ್ಲಿ ಮುಂದೆ ಪೀನ ಮಸೂರವೂ ಕಣ್ಣಿನ ಬಳಿ ನಿಮ್ನ ಮಸೂರವೂ ಇದ್ದುವಷ್ಟೆ. ಅದನ್ನೇ ಹಿಂದುಮುಂದಾಗಿ ಹಿಡಿದರೆ ದೃಶ್ಯವು ಕಿರಿದಾಗಿ, ನೆಟ್ಟಗೆ, ಪ್ರಕಾಶಮಾನವಾಗಿ ಗೋಚರಿಸುತ್ತದೆ. ಬಾಹ್ಯ ವ್ಯೂಫೈಂಡರುಗಳಲ್ಲಿ ಹೆಚ್ಚಿನವುಗಳ ತತ್ತ್ವ ಇಷ್ಟೇ. ಹಾಟ್ ಶೂವಿನಲ್ಲಿ ವಿದ್ಯುತ್ ಸಂಪರ್ಕದ ಬಿಂದುಗಳಿದ್ದರೂ ಈ ಗಾಜಿನ ಡಬ್ಬಿ ಅವುಗಳಲ್ಲಿ ಒಂದನ್ನೂ ಬಳಸದು. ಆದುದರಿಂದ ಫೋಕಸ್ ಎಲ್ಲಿ ನಿಂತಿದೆ, ಬೆಳಕು ಸಾಕಷ್ಟಿದೆಯೆ, ಬ್ಯಾಟರಿ ಉಳಿದಿದೆಯೆ ಎಂಬ ಯಾವ ವಾರ್ತೆಯನ್ನೂ ಅದು ತರಲಾರದು. ಚಿತ್ರದ ಎಲ್ಲೆ ಸರಿಸುಮಾರು ಎಲ್ಲಿಂದ ಎಲ್ಲಿಗೆ ಎಂಬುದೊಂದನ್ನೇ ಅದು ಹೇಳಬಲ್ಲುದು. ಅದನ್ನು ಏರಿಸಿದೊಡನೆ ಪರದೆ ತಾನಾಗಿ ಆರಿ ಬ್ಯಾಟರಿ ಉಳಿಯುವುದೆಂಬ ನಂಬಿಕೆಯೂ ಇದೇ ಕಾರಣದಿಂದ ನಿಲ್ಲುವುದಿಲ್ಲ: ಪರದೆಯನ್ನು ನಾವೇ ಆರಿಸಬೇಕು. ತಯಾರಕರ ಲೆಕ್ಕದಂತೆಯೇ ಒಂದು ಬ್ಯಾಟರಿಗೆ ಸುಮಾರು 200 ಚಿತ್ರಗಳನ್ನಷ್ಟೇ ಕೊಡುವ ರಿಕೋ ಜಿಆರ್ 3ರಂಥ ಕ್ಯಾಮೆರಾದಲ್ಲಿ ಇದು ಗಮನಿಸತಕ್ಕ ಸಂಗತಿ.

ಎರಡನೆಯ ನಂಬಿಕೆ ಕೊಳ್ಳುವವರನ್ನು ಅತ್ಯಧಿಕವಾಗಿ ದಾರಿ ತಪ್ಪಿಸುವಂಥದು: ಲೆನ್ಸಿನ ಮೇಲೆ ಕೆತ್ತಿರುವ ಸಂಖ್ಯೆಗೆ ಸರಿಹೊಂದುವ ಸಂಖ್ಯೆಯ ವ್ಯೂಫೈಂಡರನ್ನೇ ಕೊಳ್ಳತಕ್ಕದ್ದೆಂಬುದು. ವ್ಯೂಫೈಂಡರುಗಳ ಮೇಲೆ ಬರೆಯುವ 21, 28, 35, 40 ಮೊದಲಾದ ಅಂಕೆಗಳು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಹಳೆಯ ಫಿಲ್ಮ್ ಚೌಕಟ್ಟಿಗೆ ಅನ್ವಯಿಸುವ ಸಂಗಮದೂರಗಳು. ಚಿಕ್ಕ ಕ್ಯಾಮೆರಾಗಳ ಸೆನ್ಸರ್ ಸಾಮಾನ್ಯವಾಗಿ ಅದಕ್ಕಿಂತ ಕಿರಿದು. 2019ರಲ್ಲಿ ಬಂದ ಜಿಆರ್ 3ರ ಲೆನ್ಸಿನ ನಿಜವಾದ ಸಂಗಮದೂರ 18.3 ಮಿಲಿಮೀಟರ್, ಅದನ್ನು ಸೆನ್ಸರಿನ ಅಳತೆಗೆ ತಕ್ಕಂತೆ ಒಂದೂವರೆಯಿಂದ ಗುಣಿಸಿದಾಗ ದೊರೆಯುವ 28ರ ಸಮಾನಾಂಕವೇ ನಮಗೆ ಬೇಕಾದುದು. 2021ರ ಜಿಆರ್ 3ಎಕ್ಸ್ ಎಂಬುದರ ಲೆನ್ಸು 26.1 ಮಿಲಿಮೀಟರಿನದು, ಅದಕ್ಕೆ ಹೊಂದುವ ವ್ಯೂಫೈಂಡರು 40ರದು. ರಿಕೋ ಸಂಸ್ಥೆ ಮೊದಲಿನದಕ್ಕೆ ಜಿವಿ–2 ಎಂಬುದನ್ನೂ ಎರಡನೆಯದಕ್ಕೆ ಜಿವಿ–3 ಎಂಬುದನ್ನೂ ಒದಗಿಸಿರುವುದು ಈ ಕಾರಣದಿಂದಲೇ. 26 ಎಂದು ಓದಿ ಅದಕ್ಕೆ ಹತ್ತಿರವೆಂದು 28ರ ವ್ಯೂಫೈಂಡರನ್ನು ತರಿಸಿಕೊಂಡವರಿಗೆ ಒದಗುವ ನಷ್ಟವನ್ನು ವಿಂಧ್ಯಗಿರಿಯ ಮೇಲೆಯೇ ಅಳೆದು ನೋಡಬಹುದು. ಗೊಮ್ಮಟಮೂರ್ತಿಯ ಎತ್ತರ 57 ಅಡಿ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು, ಅದನ್ನು ತುಸು ಮೇಲಕ್ಕೆ ಎತ್ತಿ, ಪಾದದಿಂದ ಶಿರದವರೆಗೆ ಪೂರ್ಣಮೂರ್ತಿಯನ್ನು ಚೌಕಟ್ಟಿನಲ್ಲಿ ತುಂಬಬೇಕಾದರೆ 28ರ ಲೆನ್ಸಿನವರು ಸುಮಾರು 10 ಮೀಟರ್ ದೂರದಲ್ಲಿಯೂ 40ರ ಲೆನ್ಸಿನವರು ಸುಮಾರು 17 ಮೀಟರ್ ದೂರದಲ್ಲಿಯೂ ನಿಲ್ಲಬೇಕಾಗುತ್ತದೆ. 40ರ ಕ್ಯಾಮೆರಾದ ಮೇಲೆ 28ರ ವ್ಯೂಫೈಂಡರನ್ನಿಟ್ಟುಕೊಂಡು 10 ಮೀಟರಿನಲ್ಲೇ ನಿಂತವರ ಕಣ್ಣಿಗೆ ಮೂರ್ತಿ ಸಮಗ್ರವಾಗಿ ಕಂಡೀತು. ಮನೆಗೆ ಬಂದು ಚಿತ್ರವನ್ನು ತೆರೆದಾಗ ಶಿರವೋ ಪಾದವೋ, ಅಥವಾ ಎರಡೂ, ಇರವು.

ಅಂಕೆ ಸರಿಹೊಂದಿದರೂ ಆಕಾರ ಹೊಂದದಿರಬಹುದು. ಅನೇಕ ಚಿಕ್ಕ ಕ್ಯಾಮೆರಾಗಳ ಸೆನ್ಸರ್ ನಾಲ್ಕಕ್ಕೆ ಮೂರರ ಅನುಪಾತದ್ದು. ವ್ಯೂಫೈಂಡರಿನ ಚೌಕಟ್ಟಾದರೋ ಬಹುಶಃ ಮೂರಕ್ಕೆ ಎರಡರದು. ಎರಡಕ್ಕೂ 28 ಎಂಬ ಸಮಾನಾಂಕವೇ ಇದ್ದರೂ, ಆ ಅಂಕವು ಕರ್ಣದ ಅಳತೆಯಿಂದ ಬಂದುದಾದ ಕಾರಣ, 10 ಮೀಟರ್ ದೂರದಲ್ಲಿ ಒಂದು ಸುಮಾರು 12.4 ಮೀಟರ್ ಅಗಲ, 9.3 ಮೀಟರ್ ಎತ್ತರದ ಪ್ರದೇಶವನ್ನು ಹಿಡಿದರೆ, ಇನ್ನೊಂದು 12.9 ಮೀಟರ್ ಅಗಲ, 8.6 ಮೀಟರ್ ಎತ್ತರವನ್ನು ತೋರಿಸುತ್ತದೆ. ಜೂಮ್ ಲೆನ್ಸಿನ ಕ್ಯಾಮೆರಾಗಳ ಮಾತು ಇನ್ನೂ ಬೇರೆ: ಲೆನ್ಸು ಮುಂದಕ್ಕೆ ಹಿಂದಕ್ಕೆ ಚಲಿಸಿದರೂ ನೆತ್ತಿಯ ಗಾಜು ಅದನ್ನು ಅನುಸರಿಸದು. ಜೂಮನ್ನು ಒಂದೇ ಸ್ಥಾನದಲ್ಲಿ ನಿಲ್ಲಿಸಿ ಚಿತ್ರ ತೆಗೆಯುವ ಸಂಯಮವಿಲ್ಲದವರು ಈ ಖರ್ಚಿಗೆ ಹೋಗದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಹಾಟ್ ಶೂ ಇಲ್ಲದ ಕ್ಯಾಮೆರಾಗಳಿಗಂತೂ ಈ ಪ್ರಶ್ನೆಯೇ ಹುಟ್ಟದು. 2012ರ ಸೋನಿ ಆರ್‌ಎಕ್ಸ್ 100ರಲ್ಲಿ ಅದಿಲ್ಲ, ಅದೇ ವರ್ಷದ ಆರ್‌ಎಕ್ಸ್ 1ರಲ್ಲಿ ಉಂಟು.

ಇನ್ನು ದೃಷ್ಟಿಪಲ್ಲಟ, ಎಂದರೆ ಪ್ಯಾರಲ್ಯಾಕ್ಸ್, ಎಂಬ ದೋಷದ ವಿಚಾರ. ಇದರಿಂದಾಗಿ ಬಾಹ್ಯ ವ್ಯೂಫೈಂಡರು ಎಲ್ಲ ಸಂದರ್ಭಗಳಲ್ಲಿಯೂ ಸುಳ್ಳು ಹೇಳುತ್ತದೆಂದು ನಂಬಿ ಅದನ್ನು ತ್ಯಜಿಸುವವರೂ ಇದ್ದಾರೆ, ಅದನ್ನು ಗಣನೆಗೇ ತಾರದೆ ಕೈಯಳತೆಯ ದೂರದ ಮುಖಗಳ ನೆತ್ತಿಯನ್ನು ಕತ್ತರಿಸುವವರೂ ಇದ್ದಾರೆ. ಲೆಕ್ಕ ಹಾಕಿದರೆ ಇಬ್ಬರ ಸಂದೇಹವೂ ಪರಿಹಾರವಾಗುತ್ತದೆ. ವ್ಯೂಫೈಂಡರಿನ ಅಕ್ಷವು ಲೆನ್ಸಿನ ಅಕ್ಷಕ್ಕಿಂತ 5 ಸೆಂಟಿಮೀಟರ್ ಮೇಲಿದೆಯೆನ್ನೋಣ. ಎರಡೂ ಸಮಾನಾಂತರವಾಗಿದ್ದಲ್ಲಿ, ವಸ್ತು ಎಷ್ಟು ದೂರದಲ್ಲಿದ್ದರೂ ವ್ಯತ್ಯಾಸ ಆ 5 ಸೆಂಟಿಮೀಟರನ್ನು ಮೀರದು. 28ರ ಲೆನ್ಸು 1 ಮೀಟರ್ ದೂರದಲ್ಲಿ ಸುಮಾರು 86 ಸೆಂಟಿಮೀಟರ್ ಎತ್ತರವನ್ನು ಹಿಡಿಯುತ್ತದೆ. ಅದರಲ್ಲಿ 5 ಸೆಂಟಿಮೀಟರ್ ಎಂದರೆ ನೂರಕ್ಕೆ ಆರರಷ್ಟು. ರಾಮನಾಥಪುರದಲ್ಲಿ ಚಂಪಾಷಷ್ಠಿಯ ಜಾತ್ರೆಯ ಸಂದಣಿಯೊಳಗೆ, ಬಳೆಯಂಗಡಿಯ ಮುಂದೆ ಬಾಗಿ ನಿಂತ ಮುದುಕಿಯನ್ನು ಕೈಯಳತೆಯಿಂದ ಚಿತ್ರಿಸುವವರಿಗೆ ಆ ಆರು ಭಾಗ ಎಂದರೆ ತಲೆಯ ಮೇಲಿನ ಸೆರಗು. ಅದೇ ಊರಿನಲ್ಲಿ, ಕಾವೇರಿಯ ದಡದಿಂದ 10 ಮೀಟರ್ ಆಚೆಯ ದನಗಳ ಸಾಲನ್ನು ತೆಗೆಯುವವರಿಗೆ 8.6 ಮೀಟರಿನಲ್ಲಿ 5 ಸೆಂಟಿಮೀಟರ್ ಲೆಕ್ಕಕ್ಕೇ ಬಾರದು. ಆದುದರಿಂದ ಮೇಲಂಚಿನಲ್ಲಿ ಸಮೀಪದೂರಕ್ಕೆಂದು ಎರಡು ಕಿರುಗೆರೆಗಳನ್ನು ಎಳೆದಿರುವ ವ್ಯೂಫೈಂಡರನ್ನು ಆರಿಸಿಕೊಂಡು, ಹತ್ತಿರದ ಮುಖಗಳನ್ನು ಆ ಗೆರೆಗಳ ಕೆಳಗೇ ಇರಿಸುವುದು ಸೂಕ್ತ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದಾಗ ಈ ಪಲ್ಲಟವೂ ಮೇಲಿನಿಂದ ಮಗ್ಗುಲಿಗೆ ತಿರುಗುತ್ತದೆಂಬುದು ಬಹುಮಂದಿ ಮರೆಯುವ ಸಂಗತಿ.

ಜನರು ಅಂಜಬೇಕಾದುದು ನಿಜಕ್ಕೂ ಬೇರೊಂದು ದೋಷಕ್ಕೆ. ಶೂವಿನ ಜಾಡು ಸಡಿಲವಾಗಿಯೋ ವ್ಯೂಫೈಂಡರಿನ ಪಾದ ಓರೆಯಾಗಿಯೋ ಅಕ್ಷವು ಕೇವಲ 2 ಡಿಗ್ರಿ ವಾಲಿದರೂ ಸಾಕು, 10 ಮೀಟರ್ ದೂರದಲ್ಲಿ ತಪ್ಪು ಸುಮಾರು 35 ಸೆಂಟಿಮೀಟರಿಗೆ ಬೆಳೆಯುತ್ತದೆ. ದೂರ ಹೆಚ್ಚಿದಷ್ಟೂ ಅದು ಹೆಚ್ಚುತ್ತಲೇ ಹೋಗುತ್ತದೆ. ಪಲ್ಲಟವು ಇಂಥ ಎಲ್ಲ ವ್ಯೂಫೈಂಡರುಗಳ ಸಹಜಗುಣ. ವಾಲುವಿಕೆ ಕೆಟ್ಟ ಜೋಡಣೆಯ ಫಲ.

ಫೋಕಸ್ ಕಾಣದ ಮೇಲೆ ಚಿತ್ರ ಮಸುಕಾಗುವುದು ಖಂಡಿತವೆಂಬ ಭಯಕ್ಕೂ ಆಧಾರ ಸಾಲದು. 18.3 ಮಿಲಿಮೀಟರಿನ ಲೆನ್ಸಿನಲ್ಲಿ ಅಪರ್ಚರನ್ನು ಎಫ್/8ಕ್ಕೆ ಇಳಿಸಿ, ಫೋಕಸನ್ನು 2.5 ಮೀಟರಿಗೆ ನಿಲ್ಲಿಸಿಬಿಟ್ಟರೆ, ಒಂದು ಮೀಟರಿಗಿಂತ ತುಸು ಆಚೆಯಿಂದ ಅನಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿಯೇ ಬರುತ್ತದೆ. ಜಿಆರ್ ಕ್ಯಾಮೆರಾಗಳಲ್ಲಿ ಸ್ನ್ಯಾಪ್ ಫೋಕಸ್ ಎಂಬ ಏರ್ಪಾಡು ಇರುವುದೇ ಇದಕ್ಕಾಗಿ. ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹಸ್ವಾಮಿಯ ತೇರು ಹೊರಟಾಗ, ಹಗ್ಗ ಹಿಡಿದ ಕೈಗಳೂ ತೂರಿಬರುವ ಬಾಳೆಹಣ್ಣು ದವನಗಳೂ ಗಾಲಿಗೆ ಗೊದ್ದ, ಎಂದರೆ ಮರದ ಅಡೆ, ಕೊಡುವವರ ಧಾವಂತವೂ ಕ್ಯಾಮೆರಾ ಫೋಕಸ್ ಹುಡುಕಿಕೊಳ್ಳುವವರೆಗೆ ಕಾಯುವುದಿಲ್ಲ. ಅಲ್ಲಿ ಮೊದಲೇ ಎಲ್ಲವನ್ನೂ ನಿಶ್ಚಯಿಸಿ, ಗಾಜಿನೊಳಗೆ ಕಾಣುವ ಬೆಳ್ಳಿಗೆರೆಯ ಚೌಕಟ್ಟಿನ ಒಳಗನ್ನೂ ಹೊರಗನ್ನೂ ಏಕಕಾಲದಲ್ಲಿ ನೋಡುತ್ತ, ಇನ್ನೇನು ಯಾರು ಚೌಕಟ್ಟಿನೊಳಕ್ಕೆ ಬರಲಿದ್ದಾರೆಂಬುದನ್ನು ಮುಂಚಿತವಾಗಿ ಅರಿಯುವ ಭಾಗ್ಯ ಈ ವ್ಯೂಫೈಂಡರಿನವರದು. ಪರದೆ ತನ್ನ ಅಂಚಿನ ಆಚೆಗೆ ಏನನ್ನೂ ತೋರಿಸದು. ಈ ಉಪಕರಣದ ಮೇಲೆ ನನಗಿರುವ ಪ್ರೀತಿಯೆಲ್ಲ ಈ ಒಂದು ಗುಣಕ್ಕೆ ಸಂದದ್ದು. ಕ್ಯಾಮೆರಾ ಹಣೆಗೆ ಒರಗುವುದರಿಂದ ಕೈನಡುಕ ಕಡಿಮೆಯಾಗುತ್ತದೆಂಬ ಮಾತೂ ಬಹುಮಟ್ಟಿಗೆ ನಿಜ.

ಕತ್ತಲೆಯಲ್ಲಿಯೂ ಇದು ಚೆನ್ನಾಗಿ ಕಾಣಿಸುತ್ತದೆಂಬ ಮಾತನ್ನು ಮಾತ್ರ ಒಪ್ಪಲಾಗದು. ಆಲ್ಬಾಡಾ ಮಾದರಿಯ ವ್ಯೂಫೈಂಡರುಗಳಲ್ಲಿ, ಕಣ್ಣಿನ ಬದಿಯಲ್ಲಿ ಬರೆದ ಚೌಕಟ್ಟು ಮುಂದಿನ ಗಾಜಿನ ಅರೆಗನ್ನಡಿಯಲ್ಲಿ ಪ್ರತಿಫಲಿಸಿ ದೃಶ್ಯದ ಮೇಲೆ ತೇಲುವಂತೆ ತೋರುತ್ತದೆ; ಆ ಗೆರೆ ಬೆಳಗುವುದು ಎದುರಿನ ದೃಶ್ಯದಿಂದ ಬರುವ ಬೆಳಕಿನಿಂದಲೇ. 1246ರಲ್ಲಿ ಕಟ್ಟಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ನವರಂಗದಂಥ ಮಬ್ಬಿನಲ್ಲಿ ಆ ಗೆರೆಗಳು ಕರಗಿಹೋಗುತ್ತವೆ. ಮೊಸಳೆ ಎಂಬ ಊರಿನ ಜೋಡಿಗುಡಿಗಳ ಭುವನೇಶ್ವರಿಯನ್ನು, ಎಂದರೆ ಕೆತ್ತನೆಯ ಛಾವಣಿಯನ್ನು, ತೆಗೆಯಲು ಕತ್ತನ್ನು ಹಿಂದಕ್ಕೆ ಮುರಿದು ಈ ಗಾಜಿಗೆ ಕಣ್ಣು ಹಚ್ಚುವುದೂ ವ್ಯರ್ಥಶ್ರಮ. ಅಲ್ಲಿ ಪರದೆಯೇ ಶ್ರೇಷ್ಠ; ಕ್ಯಾಮೆರಾವನ್ನು ಅಂಗಾತ ಹಿಡಿದು, ಛಾವಣಿಯ ಪದ್ಮದ ನಡುವನ್ನು ಚೌಕಟ್ಟಿನ ನಡುವಿಗೆ ಕರಾರುವಾಕ್ಕಾಗಿ ತರಬಹುದು. ಒಳಗೆ ಪರದೆ, ಹೊರಗೆ ವ್ಯೂಫೈಂಡರು: ಹಾಸನದ ಸೀಮೆಯ ಗುಡಿಗಳನ್ನು ತಿರುಗುವವರಿಗೆ ಎರಡೂ ಬೇಕು.

ಬೆಲೆ ಹೆಚ್ಚಿದಷ್ಟೂ ನಿಖರತೆ ಹೆಚ್ಚೆಂಬುದು ಕೊನೆಯ ನಂಬಿಕೆ. ಬೆಲೆಯು ಗಾಜಿನ ನಿರ್ಮಲತೆಗೆ, ಲೋಹದ ಗಟ್ಟಿತನಕ್ಕೆ, ಅಂಚುಗಳ ಡೊಂಕು ಕಡಮೆಯಾಗಿರುವುದಕ್ಕೆ ಸಲ್ಲುತ್ತದೆ. ಪಲ್ಲಟವನ್ನು ಅದು ಅಳಿಸಲಾರದು. ಕನ್ನಡಕ ಧರಿಸುವವರು ಬೆಲೆಗಿಂತ ಮೊದಲು, ಕನ್ನಡಕದ ಮೂಲಕವೇ ಚೌಕಟ್ಟಿನ ನಾಲ್ಕು ಮೂಲೆಗಳೂ ಒಮ್ಮೆಲೇ ಕಾಣುತ್ತವೆಯೆ, ಕಣ್ಣಿನ ಬದಿಯ ಬಳೆ ಬರಿಯ ಲೋಹದ್ದೋ ರಬ್ಬರ್ ಹೊದ್ದದ್ದೋ ಎಂಬುದನ್ನು ನೋಡಬೇಕು. ದೃಷ್ಟಿದೋಷಕ್ಕೆ ಹೊಂದಿಸುವ ತಿರುಪು ಇವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಚೆನ್ನಾಗಿ ಉಳಿದಿರುವ ಹಳೆಯ ಫೋಕ್ಟ್‌ಲೆಂಡರ್ ವ್ಯೂಫೈಂಡರೊಂದು, ಅಂಕೆ ಹೊಂದಿದ ಪಕ್ಷದಲ್ಲಿ, ಹೊಸ ಕ್ಯಾಮೆರಾಕ್ಕೂ ನಿಸ್ಸಂಶಯವಾಗಿ ಸಲ್ಲುತ್ತದೆ. ಕೈಬದಲಾದದ್ದನ್ನು ಕೊಳ್ಳುವಾಗ ಅದನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟಿನ ಎಳೆಗಳಿವೆಯೆ ಎಂದು ಪರೀಕ್ಷಿಸಿ, ಬಳಿಕ ಶೂವಿನಲ್ಲಿ ಕೂರಿಸಿ ಬೆರಳಿನಿಂದ ಅಲುಗಿಸಿ ನೋಡತಕ್ಕದ್ದು. ಆಮೇಲೆ ಐದಾರು ಮೀಟರ್ ದೂರದ ಗೋಡೆಯ ಮೇಲೆ, ಚೌಕಟ್ಟಿನ ನಾಲ್ಕು ಮೂಲೆಗಳು ಬೀಳುವ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಕದಲಿಸದೆ ಒಂದು ಚಿತ್ರ ತೆಗೆದರೆ, ಗುರುತುಗಳು ಚಿತ್ರದ ಅಂಚಿನಿಂದ ಯಾವ ಕಡೆಗೆ ಎಷ್ಟು ಸರಿದಿವೆಯೆಂಬುದು ತಿಳಿಯುತ್ತದೆ. ನಾಲ್ಕೂ ಕಡೆ ಸಮನಾಗಿ ಒಳಗೆ ಉಳಿದಿದ್ದರೆ ಚಿಂತೆಯಿಲ್ಲ, ತಯಾರಕರು ಗೆರೆಗಳನ್ನು ಕೊಂಚ ಕಿರಿದಾಗಿಯೇ ಎಳೆಯುವ ವಾಡಿಕೆಯುಂಟು. ಒಂದೇ ಕಡೆಗೆ ಬಹಳವಾಗಿ ಸರಿದಿದ್ದರೆ ಪಾದ ಓರೆಯಾಗಿದೆಯೆಂದು ತಿಳಿದು ಹಿಂದಿರುಗಿಸುವುದು ಯುಕ್ತ.